ಶ್ರೀ ಡಿ. ದೇವರಾಜ ಅರಸು: ಜೀವನ ಮತ್ತು ಸಾಧನೆ

ರಾಜ್ಯದ ಮುಖ್ಯಮಂತ್ರಿಗಳಾಗಿ ಭೂ ಸುಧಾರಣೆಯನ್ನೂ ಹಿಂದುಳಿದ ವರ್ಗಗಳ ಮೀಸಲಾತಿಯನ್ನೂ ಜಾರಿಗೆ ತಂದ ಶ್ರೀ ಡಿ. ದೇವರಾಜ ಅರಸು ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಅರಸು ಅವರು 1915ರ ಆಗಸ್ಟ್ 20ರಂದು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಮೈಸೂರು ರಾಜಮನೆತನದೊಂದಿಗೆ ಸಂಬಂಧವಿದ್ದರೂ ಜನಸಂಖ್ಯೆಯಲ್ಲಿ ಬಹಳ ಚಿಕ್ಕದಾದ ಅರಸು ಸಮುದಾಯಕ್ಕೆ ಅವರು ಸೇರಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದ ನಂತರ ಸ್ವಗ್ರಾಮಕ್ಕೆ ಹಿಂದಿರುಗಿ ವ್ಯವಸಾಯದಲ್ಲಿ ತೊಡಗಿದರು. ಗ್ರಾಮೀಣ ಜನರ ಕಷ್ಟಗಳು ಅವರಿಗೆ ಕಡತಗಳ ಮೂಲಕವಲ್ಲದೆ ನೇರವಾಗಿ ತಿಳಿದದ್ದು ಈ ಅವಧಿಯಲ್ಲಿಯೇ.

ಶಾಸಕರಾಗಿ ಸೇವೆ

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾಗುವ ಮೂಲಕ ಅವರ ಶಾಸನಸಭಾ ಜೀವನ ಆರಂಭವಾಯಿತು. ಸ್ವಾತಂತ್ರ್ಯಾನಂತರ 1952, 1957, 1962 ಮತ್ತು 1967ರ ಚುನಾವಣೆಗಳಲ್ಲಿ ಹುಣಸೂರು ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಶ್ರೀ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರಾಗಿ ಕಾರ್ಯನಿರ್ವಹಿಸಿದರು. 1969ರಲ್ಲಿ ಕಾಂಗ್ರೆಸ್ ಪಕ್ಷವು ವಿಭಜನೆಯಾದಾಗ ಶ್ರೀಮತಿ ಇಂದಿರಾ ಗಾಂಧಿಯವರ ಪರವಾಗಿ ನಿಂತು, ರಾಜ್ಯದಲ್ಲಿ ಪಕ್ಷವನ್ನು ಮರುಸಂಘಟಿಸಿದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಗಳಾಗಿ ಅಧಿಕಾರ ವಹಿಸಿಕೊಂಡರು. ಅವರ ಅವಧಿಯಲ್ಲಿಯೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಮರುನಾಮಕರಣವಾಯಿತು.

ಭೂ ಸುಧಾರಣೆ

1961ರ ಭೂ ಸುಧಾರಣಾ ಕಾಯ್ದೆಯಲ್ಲಿ ಹಲವು ವಿನಾಯಿತಿಗಳಿದ್ದವು. ಬಹುಪಾಲು ಗೇಣಿದಾರರ ಒಪ್ಪಂದವು ಬಾಯಿಮಾತಿನದಾಗಿತ್ತು. ತೋರಿಸಲು ಪತ್ರವಿರಲಿಲ್ಲ, ನ್ಯಾಯಾಲಯಕ್ಕೆ ಹೋಗುವ ಶಕ್ತಿಯೂ ಇರಲಿಲ್ಲ. ಅರಸು ಸರ್ಕಾರದ ತಿದ್ದುಪಡಿ ಕಾಯ್ದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅಂದಿನಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುತ್ತಿದ್ದವರು ಅಧಿಭೋಗದ ಹಕ್ಕನ್ನು ಕೋರಲು ಅವಕಾಶವಾಯಿತು.

ಈ ಕಾಯ್ದೆಯ ಯಶಸ್ಸಿಗೆ ಅದರ ಕಾರ್ಯವಿಧಾನವೇ ಮುಖ್ಯ ಕಾರಣ. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ಅರ್ಜಿಗಳ ವಿಚಾರಣೆಗಾಗಿ ಭೂ ನ್ಯಾಯ ಮಂಡಳಿಗಳನ್ನು ರಚಿಸಲಾಯಿತು. ಉಪವಿಭಾಗಾಧಿಕಾರಿಗಳು ಅಧ್ಯಕ್ಷರಾಗಿದ್ದ ಮಂಡಳಿಯಲ್ಲಿ ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರಿದ್ದು, ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಾಗಿರಬೇಕಿತ್ತು. ವಕೀಲರ ಹಾಜರಾತಿಗೆ ಅವಕಾಶವಿರಲಿಲ್ಲ. ಆದುದರಿಂದ ವಕೀಲರನ್ನು ನೇಮಿಸಿಕೊಳ್ಳಲಾಗದ ಬಡ ಗೇಣಿದಾರನೂ ಭೂಮಾಲೀಕನ ಎದುರು ನಿಂತು ತನ್ನ ಮಾತನ್ನು ತಾನೇ ಹೇಳಿಕೊಳ್ಳಬಹುದಾಗಿತ್ತು. ಅರ್ಜಿ ಸಲ್ಲಿಸುವ ಅವಧಿಯನ್ನು ಕೊನೆಗೆ 1979ರ ಜೂನ್ 30ರವರೆಗೆ ವಿಸ್ತರಿಸಲಾಯಿತು. ರಾಜ್ಯದಾದ್ಯಂತ ಸುಮಾರು 8 ಲಕ್ಷ ಅರ್ಜಿಗಳು ಸಲ್ಲಿಕೆಯಾದವು. ಗೇಣಿ ಪದ್ಧತಿ ವ್ಯಾಪಕವಾಗಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಇದರ ಪರಿಣಾಮ ಹೆಚ್ಚಾಗಿತ್ತು.

ಎಲ್ಲರಿಗೂ ಭೂಮಿ ದೊರೆಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ. ಅನೇಕ ಅರ್ಜಿಗಳು ತಿರಸ್ಕೃತವಾದವು. ಅಲ್ಪಸ್ವಲ್ಪ ಜಮೀನನ್ನು ಗೇಣಿಗೆ ಕೊಟ್ಟು ಜೀವಿಸುತ್ತಿದ್ದ ಸಣ್ಣ ಮಾಲೀಕರೂ ಭೂಮಿ ಕಳೆದುಕೊಂಡರು.

ಹಿಂದುಳಿದ ವರ್ಗಗಳ ಏಳಿಗೆ

1972ರಲ್ಲಿ ಶ್ರೀ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಲಾಯಿತು. 1975ರಲ್ಲಿ ಸಲ್ಲಿಕೆಯಾದ ಅದರ ವರದಿಗೆ ತೀವ್ರ ವಿರೋಧ ವ್ಯಕ್ತವಾಯಿತು. ಆದರೂ 1977ರಲ್ಲಿ ವರದಿಯ ಆಧಾರದ ಮೇಲೆ ಶಿಕ್ಷಣ ಮತ್ತು ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿಯನ್ನು ಆದೇಶಿಸಲಾಯಿತು. ಅದೇ ವರ್ಷ ಸ್ಥಾಪನೆಯಾದ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಕ್ಕೆ ನಂತರದ ವರ್ಷಗಳಲ್ಲಿ ಅವರ ಹೆಸರನ್ನೇ ಇಡಲಾಯಿತು. ಸಣ್ಣ ರೈತರು ಮತ್ತು ಕೂಲಿಕಾರರಿಗಾಗಿ 1976ರಲ್ಲಿ ಋಣ ಪರಿಹಾರ ಕಾಯ್ದೆಯನ್ನು ಜಾರಿಗೊಳಿಸಲಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿಷೇಧವೂ ಅವರ ಆಡಳಿತದ ಪ್ರಮುಖ ಕ್ರಮವಾಗಿದೆ.

ಕೊನೆಯ ವರ್ಷಗಳು

1977ರಲ್ಲಿ ಅವರ ಆಡಳಿತದ ವಿರುದ್ಧದ ಆರೋಪಗಳ ವಿಚಾರಣೆಗೆ ಕೇಂದ್ರ ಸರ್ಕಾರವು ಗ್ರೋವರ್ ಆಯೋಗವನ್ನು ನೇಮಿಸಿತು. ಆ ವರ್ಷದ ಡಿಸೆಂಬರ್ 31ರಂದು ಅವರ ಸರ್ಕಾರ ಕೊನೆಗೊಂಡು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು, 1978ರ ಫೆಬ್ರವರಿ 28ರಂದು ಪುನಃ ಮುಖ್ಯಮಂತ್ರಿಗಳಾದರು. 1979ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷವು ರಾಜ್ಯದಲ್ಲಿ ಒಂದು ಸ್ಥಾನವನ್ನೂ ಗಳಿಸದ ಕಾರಣ ಅಧಿಕಾರ ತ್ಯಜಿಸಿದರು. 1982ರ ಜೂನ್ 6ರಂದು ಬೆಂಗಳೂರಿನಲ್ಲಿ ನಿಧನರಾದರು.

ಅಧಿಕಾರವು ಅವರ ಕೈತಪ್ಪಿದರೂ ಅವರ ಕಾಲದ ಕಾಯ್ದೆಯ ಫಲ ಉಳಿಯಿತು. ರಾಜ್ಯದ ಅನೇಕ ರೈತ ಕುಟುಂಬಗಳಿಗೆ ಭೂ ನ್ಯಾಯ ಮಂಡಳಿಯ ಆದೇಶವೇ ಜಮೀನಿನ ಮೂಲ ದಾಖಲೆಯಾಗಿದೆ. ಆ ಆದೇಶದ ಹಿಂದೆ, ಎಂದೋ ಒಬ್ಬ ಗೇಣಿದಾರ ಧೈರ್ಯಮಾಡಿ ಸಲ್ಲಿಸಿದ ಒಂದು ಅರ್ಜಿ ಇದೆ.