ಪಾಲವಣಕರ ಬಾಳೂ: ಪಟ್ಟಿಯ ಹೊರಗೊಬ್ಬ ಆಟಗಾರ

ನಮ್ಮ ಮರ್ಕಂಜದ ಕಡೆ ಪತ್ತನಾಜೆ ಕಳೆಯಿತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ಆಚೀಚೆ ಹೊರಟ ತಿರುಗಾಟ ಮೇ ತಿಂಗಳ ಕೊನೆಗೆ ಮುಗಿದು, ಮಳೆಗಾಲವಿಡೀ ಬಯಲಿನ ರಂಗಸ್ಥಳ ಬರಿದಾಗಿರುತ್ತದೆ. ಆದರೆ ಮಾತಿಗೆ ಬರವಿಲ್ಲ. ಯಾವ ವೇಷಧಾರಿ ಯಾವ ಮೇಳ ಬಿಟ್ಟ, ಯಾವ ಮೇಳಕ್ಕೆ ಸೇರಿದ, ಯಾರಿಗೆ ಸಂಬಳ ಏರಿತು ಎಂಬ ಚರ್ಚೆ ಅಂಗಡಿ ಜಗಲಿಗಳಲ್ಲಿ ಮಳೆಯೊಡನೆ ಸುರಿಯುತ್ತಿರುತ್ತದೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಚರ್ಚೆ ಹುಟ್ಟುತ್ತದೆ: ಹಿಂದಿನವರಲ್ಲಿ ನಿಜಕ್ಕೂ ದೊಡ್ಡವರು ಯಾರು? ಈಚೆಗೆ ಕ್ರಿಕೆಟ್ ಆಟಗಾರರ ಹರಾಜು ಬಂದ ಮೇಲೆ, ಕಿರಿಯರು ಇದೇ ಎರಡು ಪ್ರಶ್ನೆಗಳನ್ನು ಆ ಆಟಕ್ಕೂ ಹಾಕುತ್ತಾರೆ. ಮೊದಲನೆಯದಕ್ಕೆ ಹಣ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಕಾಲ ಉತ್ತರ ಹೇಳುತ್ತದೆ ಎಂದು ನಾವು ನಂಬಿದ್ದೇವೆ. ಆ ನಂಬಿಕೆ ಎಲ್ಲ ಕಡೆಯೂ ನಿಲ್ಲುವುದಿಲ್ಲ ಎಂಬುದಕ್ಕೆ ಒಬ್ಬ ಆಟಗಾರರ ಜೀವನವೇ ಸಾಕ್ಷಿ. ಅವರ ಹೆಸರು ಪಾಲವಣಕರ ಬಾಳೂ.

ನಾನು ಪಾಠ ಹೇಳುವುದು ಕನ್ನಡ ಸಾಹಿತ್ಯವನ್ನು, ಕ್ರಿಕೆಟ್ಟನ್ನಲ್ಲ. ಆದರೂ ಈ ಬಗೆಯ ತೂಗುವಿಕೆ ನಮಗೆ ಹೊಸದಲ್ಲ. ಅಸಗನ ಕನ್ನಡ ಕಾವ್ಯ ಇಂದು ನಮಗೆ ದೊರೆತಿಲ್ಲ. ಆದರೂ ಅವನನ್ನು ನಾವು ಕವಿಗಳ ಸಾಲಿನಿಂದ ಹೊರಗಿಟ್ಟಿಲ್ಲ. ಪೊನ್ನನಂಥ ಕವಿ ತನ್ನ ಹಿರಿಮೆಯನ್ನು ಅಳೆಯಲು ಅಸಗನನ್ನೇ ಅಳತೆಗೋಲಾಗಿ ಹಿಡಿದನೆಂಬುದು ನಮಗೆ ಸಾಕಾದ ಪ್ರಮಾಣ. ಕೃತಿ ಕೈಗೆ ಸಿಗದಿದ್ದಾಗ, ಬಲ್ಲವರು ಅದನ್ನು ಹೇಗೆ ಕಂಡರು ಎಂಬುದನ್ನು ನೋಡುವುದು ಸಾಹಿತ್ಯ ಚರಿತ್ರೆಯ ಹಳೆಯ ಪದ್ಧತಿ. ಬಾಳೂ ಅವರ ಆಟಕ್ಕೂ ಇದೇ ನ್ಯಾಯ ಸಲ್ಲಬೇಕೆಂಬುದು ನನ್ನ ವಾದ.

ಬಾಳೂ ಹುಟ್ಟಿದ್ದು ೧೮೭೬ರ ಮಾರ್ಚ್ ೧೯ರಂದು, ನಮ್ಮ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಪಾಲವಣ, ಹೆಸರಿನಲ್ಲೇ ಊರಿದೆ. ಜಾತಿ ಚರ್ಮದ ಕೆಲಸದವರದು, ಅಂದಿನ ಸಮಾಜ ಮುಟ್ಟಬಾರದೆಂದು ದೂರವಿಟ್ಟದ್ದು. ತಂದೆಗೆ ಪುಣೆಯಲ್ಲಿ ಸೈನ್ಯಕ್ಕೆ ಸೇರಿದ ಕೆಲಸವಿದ್ದುದರಿಂದ ಮಕ್ಕಳು ದಂಡಿನ ನೆರೆಯಲ್ಲಿ ಬೆಳೆದರು. ಬಿಳಿಯ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು ಚೆಂಡುಗಳೇ ಬಾಳೂ ಮತ್ತು ತಮ್ಮ ಶಿವರಾಮನ ಮೊದಲ ಸಲಕರಣೆ.

ಅವರ ಮೊದಲ ಉದ್ಯೋಗ ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ. ನೆಲ ಗುಡಿಸಿ ಉರುಳೆ ಎಳೆಯುವುದು. ಸಂಬಳ ತಿಂಗಳಿಗೆ ೩ ರೂಪಾಯಿ. ೧೮೯೨ರ ಸುಮಾರಿಗೆ ಯೂರೋಪಿಯನರ ಪೂನಾ ಕ್ಲಬ್ಬಿಗೆ ಹೋದಾಗ ಸಂಬಳ ೪ ರೂಪಾಯಿಗೆ ಏರಿತು. ಇದು ಬಾಳೂ ಅವರ ಮೊದಲ ತಂಡ ಬದಲಾವಣೆ ಎನ್ನೋಣವೇ? ತಂಡದಲ್ಲಿ ಅವರಿಗೆ ಸ್ಥಾನವೇ ಇರಲಿಲ್ಲ. ಪಿಚ್ಚಿಗೆ ಗೆರೆ ಎಳೆದು, ಬಲೆ ಕಟ್ಟಿ, ಬಿಡುವಾದರೆ ಟೆನಿಸ್ ಅಂಗಳವನ್ನೂ ಸಿದ್ಧಪಡಿಸುವ ಆಳು ಅವರು. ಅಭ್ಯಾಸದ ಹೊತ್ತಿನಲ್ಲಿ ಕ್ಲಬ್ಬಿನ ಸದಸ್ಯರಿಗೆ ಚೆಂಡೆಸೆಯುವ ಅವಕಾಶ ಕ್ರಮೇಣ ಒದಗಿತು. ಎಡಗೈಯಲ್ಲಿ ನಿಧಾನವಾಗಿ ಎಸೆದು ಚೆಂಡನ್ನು ಎರಡು ಕಡೆಗೂ ತಿರುಗಿಸುವ ಕಲೆ ಅಲ್ಲಿ ಕುದುರಿತು. ಅಂದಿನ ಹೆಸರಾಂತ ದಾಂಡಿಗ ಜೆ. ಜಿ. ಗ್ರೆಗ್ ಇತರರಿಗಿಂತ ಒಂದು ಗಂಟೆ ಮೊದಲೇ ಬಂದು ಬಾಳೂ ಅವರ ಎಸೆತಕ್ಕೆ ಆಡುತ್ತಿದ್ದನೆಂದೂ, ತನ್ನನ್ನು ಔಟ್ ಮಾಡಿದಾಗಲೆಲ್ಲ ೮ ಆಣೆ ಕೊಡುತ್ತಿದ್ದನೆಂದೂ ಪ್ರತೀತಿ. ಆದರೆ ಬ್ಯಾಟು ಹಿಡಿಯಲು ಮಾತ್ರ ಅಲ್ಲಿ ಯಾರೂ ಅವರಿಗೆ ಕೊಡಲಿಲ್ಲ. ದಾಂಡು ಸಾಹೇಬರದು, ಬೆವರು ಆಳಿನದು.

ಇಲ್ಲಿ ಓದುಗರು ಒಂದು ವಿಷಯವನ್ನು ಗಮನಿಸಬೇಕು. ಸ್ಪಿನ್ ಬೌಲರನ ಕೈ ಹದಗೊಳ್ಳುವ ಹದಿನಾರರಿಂದ ಇಪ್ಪತ್ತರ ವಯಸ್ಸಿನಲ್ಲಿ ಬಾಳೂ ಸಾವಿರಾರು ಚೆಂಡುಗಳನ್ನು ಎಸೆದರು. ಅವುಗಳಲ್ಲಿ ಒಂದೂ ಯಾವ ಅಂಕಪಟ್ಟಿಯಲ್ಲೂ ಇಲ್ಲ.

ಪುಣೆಯ ಹಿಂದೂಗಳ ಕ್ಲಬ್ಬು ಯೂರೋಪಿಯನರನ್ನು ಎದುರಿಸಲು ಹೊರಟಾಗ, ಈ ಬೌಲರನನ್ನು ತಂಡಕ್ಕೆ ಸೇರಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಕೆಲವರು ಬೇಡವೆಂದರು, ಗೆಲುವಿನ ಆಸೆ ಕಡೆಗೆ ಅವರನ್ನು ಒಪ್ಪಿಸಿತು. ಆದರೆ ಒಪ್ಪಿಗೆ ಬೌಂಡರಿ ಗೆರೆಯವರೆಗೆ ಮಾತ್ರ. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಅವರಿಗೆ ಪೆವಿಲಿಯನ್ನಿನ ಹೊರಗೆ, ಒಮ್ಮೆ ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ತಂಡ ಗೆದ್ದಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಳೂ ಅವರಿಗೆ ಸಾರ್ವಜನಿಕವಾಗಿ ಮಾಲೆ ಹಾಕಿ ಗೌರವಿಸಿದರು. ಕೂಡಿ ಆಡುವವರು ಕೂಡಿ ಉಣ್ಣಬಾರದೇಕೆ ಎಂಬ ಪ್ರಶ್ನೆ ಸುಧಾರಕರ ಬಾಯಲ್ಲಿ ಬಂದದ್ದು ಆಗ.

೧೮೯೬ರ ಬಳಿಕ ಪುಣೆಗೆ ಪ್ಲೇಗ್ ಹಬ್ಬಿತು. ಬಾಳೂ ಮುಂಬಯಿಗೆ ಬಂದರು. ಕೆಲಕಾಲ ಸೈನ್ಯದಲ್ಲಿದ್ದು, ಮುಂದೆ ಬಾಂಬೆ ಬರೋಡಾ ಮಧ್ಯಭಾರತ ರೈಲ್ವೆಯಲ್ಲಿ ನೌಕರಿ ಹಿಡಿದು, ಅದರ ತಂಡಕ್ಕೂ ಆಡಿದರು. ೧೮೯೪ರಲ್ಲಿ ಸ್ಥಾಪಿತವಾಗಿದ್ದ ಹಿಂದೂ ಜಿಮಖಾನಾ ಅವರನ್ನು ಸೇರಿಸಿಕೊಂಡಿತು. ಅಲ್ಲಿಯೂ ಕೆಲವು ಸದಸ್ಯರು ಗೊಣಗಿದರು. ನಾಯಕ ಕೀರ್ತಿಕರರ ಹಟ ಅವರನ್ನು ಮೀರಿಸಿತು. ಇಂದು ಆಟಗಾರ ತಂಡ ಬದಲಿಸಿದರೆ ಬೆಲೆ ಎಷ್ಟೆಂದು ಕೇಳುತ್ತೇವೆ. ಬಾಳೂ ಬದಲಿಸಿದಾಗ ಕೇಳಿದ ಪ್ರಶ್ನೆ, ಒಳಗೆ ಬಿಡಬಹುದೇ ಎಂಬುದು.

೧೯೦೬ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯೂರೋಪಿಯನರನ್ನು ಎದುರಿಸಿತು. ಹಿಂದೂಗಳು ೨೪೨ ಮತ್ತು ೧೬೦. ಯೂರೋಪಿಯನರು ೧೯೧ ಮತ್ತು ೧೦೨. ಗೆಲುವು ೧೦೯ ಓಟಗಳಿಂದ. ಬಾಳೂ ಎರಡೂ ಸರದಿಗಳಲ್ಲಿ ಸೇರಿ ೮ ವಿಕೆಟ್ ಕಿತ್ತರು. ಶಿವರಾಮನೂ ಆ ತಂಡದಲ್ಲಿದ್ದ. ಆಳುವವರನ್ನು ಆಳಿಸಿಕೊಂಡವರು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ದೇಶದಲ್ಲೆಲ್ಲ ಹರಡಿತು. ಸಮಾಜ ಸುಧಾರಣೆಯ ಪತ್ರಿಕೆಗಳು ಅದರಲ್ಲಿ ಇನ್ನೊಂದು ಗೆಲುವನ್ನೂ ಕಂಡವು. ದಾಖಲೆಗಳಲ್ಲಿ ಬಾಳೂ ಅವರ ಪ್ರಥಮ ದರ್ಜೆಯ ಆಟ ಆರಂಭವಾಗುವುದೇ ಆ ಹಂಗಾಮಿನಲ್ಲಿ. ಆಗ ಅವರಿಗೆ ೨೯ ವರ್ಷ.

ಐದು ವರ್ಷಗಳ ನಂತರ, ೧೯೧೧ರಲ್ಲಿ, ಭಾರತದ ವಿವಿಧ ಮತಗಳ ಆಟಗಾರರು ಕೂಡಿದ ತಂಡ ಪಟಿಯಾಲದ ತರುಣ ಮಹಾರಾಜ ಭೂಪಿಂದರ ಸಿಂಗರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋಯಿತು. ಮಹಾರಾಜರಿಗೆ ಆಟಕ್ಕಿಂತ ಅರಮನೆಗಳ ಆಹ್ವಾನ ಹೆಚ್ಚಾಯಿತು. ತಂಡ ೨೩ ಪಂದ್ಯಗಳಲ್ಲಿ ೬ ಗೆದ್ದು ೧೫ ಸೋತಿತು. ಆ ಸೋಲುಗಳ ನಡುವೆ ಮೂವತ್ತೈದರ ಬಾಳೂ, ನೋಯುವ ಭುಜವನ್ನು ಹೊತ್ತು, ೧೧೪ ವಿಕೆಟ್‌ಗಳನ್ನು ೧೮.೮೪ರ ಸರಾಸರಿಯಲ್ಲಿ ಪಡೆದರು. ಅವುಗಳಲ್ಲಿ ೭೫ ಪ್ರಥಮ ದರ್ಜೆಯವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ೧೦೩ ಓಟಗಳಿಗೆ ೮, ಲ್ಯಾಂಕಾಷೈರ್ ವಿರುದ್ಧ ೮೩ಕ್ಕೆ ೭. ಲೆಸ್ಟರ್‌ಷೈರನ್ನು ಸೋಲಿಸಿದ ಪಂದ್ಯದಲ್ಲಿ ಅವರ ಪಾಲು ೧೧ ವಿಕೆಟ್. ಮುಂಬಯಿಗೆ ಮರಳಿದಾಗ ದಲಿತ ಸಮುದಾಯದವರು ಸನ್ಮಾನ ಮಾಡಿದರು. ಅಲ್ಲಿಯ ಮಾನಪತ್ರವನ್ನು ಬರೆದು ಅರ್ಪಿಸಿದ ತರುಣ ಭೀಮರಾವ್ ಅಂಬೇಡ್ಕರ್ ಎಂದು ಚರಿತ್ರಕಾರರು ದಾಖಲಿಸಿದ್ದಾರೆ.

ಇಷ್ಟೆಲ್ಲ ಆದರೂ ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ಬರಲಿಲ್ಲ. ೧೯೧೩ರಲ್ಲಿ ನಾಯಕರಾಗಿದ್ದ ಎಂ. ಡಿ. ಪೈ, ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ತಮ್ಮದೇ ಸನ್ಮಾನ ಸಭೆಯಲ್ಲಿ ಹೇಳಿದರು. ೧೯೨೦ರಲ್ಲಿ ಪೈ ಅಸ್ವಸ್ಥರಾದಾಗ ನಾಯಕತ್ವ ಡಿ. ಬಿ. ದೇವಧರರಿಗೆ ಹೋಯಿತು, ಬಾಳೂ ತಂಡದಿಂದಲೇ ಹೊರಬಿದ್ದರು. ತಮ್ಮಂದಿರಾದ ವಿಠ್ಠಲ, ಶಿವರಾಮರು ಪ್ರತಿಭಟಿಸಿ ಆಟದಿಂದ ಹಿಂದೆ ಸರಿದರು. ಮುಂದಿನ ಪಂದ್ಯಕ್ಕೆ ಪೈ ಮರಳಿದರು, ಬಾಳೂ ಉಪನಾಯಕರಾದರು. ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೋದಾಗ ತಂಡವನ್ನು ನಡೆಸಿದವರು ಬಾಳೂ. ಆಗ ವಯಸ್ಸು ೪೪. ಅವರಿಗೆ ದೊರೆತ ನಾಯಕತ್ವ ಆ ಸ್ವಲ್ಪ ಹೊತ್ತಿನದು. ೧೯೨೩ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕನಾಗಿ ಯೂರೋಪಿಯನರನ್ನು ಗೆದ್ದಾಗ ಜನ ಅವನನ್ನು ಹೆಗಲ ಮೇಲೆ ಹೊತ್ತರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. ಅದನ್ನು ಇಪ್ಪತ್ತು ವರ್ಷ ತಟ್ಟಿದವರು ಅಣ್ಣ.

ಆಟ ಬಿಟ್ಟ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. ೧೯೩೨ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಮುಂಬಯಿಯಲ್ಲಿ ಅಂಬೇಡ್ಕರರ ಎದುರು ನಿಲ್ಲಿಸಿತು. ಅಂಬೇಡ್ಕರರಿಗೆ ೧೩,೨೪೫ ಮತ, ಬಾಳೂ ಅವರಿಗೆ ೧೧,೨೨೫. ಒಂದು ಕಾಲಕ್ಕೆ ತಾನು ಮಾನಪತ್ರ ಅರ್ಪಿಸಿದ ವೀರನನ್ನೇ ಅಂಬೇಡ್ಕರ್ ಸೋಲಿಸಬೇಕಾಯಿತು. ಇಬ್ಬರ ದಾರಿಗಳು ಬೇರೆಯಾಗಿದ್ದವು; ಕಂಡ ನೋವು ಒಂದೇ. ೧೯೫೫ರ ಜುಲೈ ೪ರಂದು ಬಾಳೂ ಮುಂಬಯಿಯಲ್ಲಿ ತೀರಿಕೊಂಡರು.

ಈಗ ಲೆಕ್ಕಕ್ಕೆ ಬರೋಣ. ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ೨೦೦೯ರಲ್ಲಿ ಮಹನೀಯರ ಪಟ್ಟಿಯೊಂದನ್ನು ಆರಂಭಿಸಿತು. ಬೇಡಿ, ಗಾವಸ್ಕರ್, ಕಪಿಲ್ ದೇವ್ ಮೊದಲೇ ಸೇರಿದರು. ನಮ್ಮ ಅನಿಲ್ ಕುಂಬ್ಳೆ ೨೦೧೫ರಲ್ಲಿ, ರಾಹುಲ್ ದ್ರಾವಿಡ್ ೨೦೧೮ರಲ್ಲಿ ಸೇರಿದರು. ಅರ್ಹರೇ. ಬಾಳೂ ಅವರ ಹೆಸರು ಅಲ್ಲಿ ಬಂದಿಲ್ಲ. ಬರುವ ದಾರಿಯೂ ಕಾಣದು, ಏಕೆಂದರೆ ಆ ಪಟ್ಟಿಯ ಅಳತೆ ಅಂತಾರಾಷ್ಟ್ರೀಯ ಆಟ. ಭಾರತ ಮೊದಲ ಟೆಸ್ಟ್ ಆಡಿದ್ದು ೧೯೩೨ರಲ್ಲಿ. ಆಗ ಬಾಳೂ ಅವರಿಗೆ ೫೬ ವರ್ಷ.

ಅವರ ಪ್ರಥಮ ದರ್ಜೆಯ ಲೆಕ್ಕ ಹೀಗಿದೆ: ೩೩ ಪಂದ್ಯ, ೧೭೯ ವಿಕೆಟ್, ಸರಾಸರಿ ೧೫.೨೧. ಇಂಗ್ಲೆಂಡಿನ ವಿಲ್‌ಫ್ರೆಡ್ ರೋಡ್ಸ್ ಅವರಿಗಿಂತ ಒಂದು ವರ್ಷ ಕಿರಿಯ, ಅದೇ ನಿಧಾನದ ಎಡಗೈ ಬೌಲರ. ೧,೧೧೦ ಪಂದ್ಯಗಳಲ್ಲಿ ೪,೨೦೪ ವಿಕೆಟ್, ಸರಾಸರಿ ೧೬.೭೨. ರೋಡ್ಸ್ ೨೧ರ ವಯಸ್ಸಿಗೇ ಟೆಸ್ಟ್ ಆಡಿದ. ಸರಾಸರಿ ಕಡಿಮೆಯಿದೆಯೆಂದು ಬಾಳೂ ರೋಡ್ಸನಿಗಿಂತ ಮೇಲೆಂದು ನಾನು ಹೇಳುವುದಿಲ್ಲ. ಮುಂಬಯಿಯ ಅಂದಿನ ಪಿಚ್ಚುಗಳು ಬೌಲರರಿಗೆ ಒಲಿದಿದ್ದವು. ೩೩ ಪಂದ್ಯಗಳು ತೀರ ಕಡಿಮೆ. ಆದರೆ ಇಂಗ್ಲೆಂಡಿನ ನೆಲದಲ್ಲೇ, ಸೋಲುವ ತಂಡದಲ್ಲಿದ್ದು, ಪಡೆದ ೭೫ ವಿಕೆಟ್‌ಗಳ ಸರಾಸರಿ ೨೦.೧೨. ಇದನ್ನು ಅದೃಷ್ಟವೆನ್ನಲಾಗದು. ಪಂದ್ಯಗಳು ಕಡಿಮೆಯಾದದ್ದು ಅವರ ಕೈಯ ದೋಷವಲ್ಲ. ೩೩ ಎಂಬ ಅಂಕಿ ಬಾಳೂ ಅವರ ಯೋಗ್ಯತೆಗಿಂತ ಹೆಚ್ಚಾಗಿ ಆ ಕಾಲದ ಯೋಗ್ಯತೆಯನ್ನು ಹೇಳುತ್ತದೆ.

ಇಂಥ ಲೆಕ್ಕವನ್ನು ತಿದ್ದಲು ಸಾಧ್ಯವೇ ಎಂದು ಕೇಳುವವರಿಗೆ ಅಮೆರಿಕದ ಬೇಸ್‌ಬಾಲ್ ಉದಾಹರಣೆಯಿದೆ. ಅಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಮಹಾನ್ ಆಟಗಾರರ ಸ್ಮಾರಕ ಮಂದಿರವಿದೆ. ಮೊದಲ ಆಯ್ಕೆ ನಡೆದದ್ದು ೧೯೩೬ರಲ್ಲಿ. ೧೯೪೭ರಲ್ಲಿ ಜಾಕಿ ರಾಬಿನ್ಸನ್ ಬರುವ ತನಕ, ಅರ್ಧ ಶತಮಾನಕ್ಕೂ ಮೀರಿ, ಕಪ್ಪು ಜನರಿಗೆ ದೊಡ್ಡ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. ಅವರು ತಮ್ಮದೇ ಬೇರೆ ಲೀಗುಗಳಲ್ಲಿ ಆಡಿದರು. ಆ ಲೀಗುಗಳ ಸಾಧನೆಗಾಗಿ ಸ್ಯಾಚಲ್ ಪೇಜ್ ೧೯೭೧ರಲ್ಲಿ, ಜಾಶ್ ಗಿಬ್ಸನ್ ೧೯೭೨ರಲ್ಲಿ ಮಂದಿರ ಸೇರಿದರು. ಗಿಬ್ಸನ್ ೧೯೪೭ರ ಜನವರಿಯಲ್ಲೇ, ಬಾಗಿಲು ತೆರೆಯುವ ಮೂರು ತಿಂಗಳ ಮೊದಲು, ತೀರಿಕೊಂಡಿದ್ದ. ೨೦೨೦ರಲ್ಲಿ ಆ ಲೀಗುಗಳಿಗೆ ದೊಡ್ಡ ಲೀಗಿನ ಮಾನ್ಯತೆ ದೊರೆಯಿತು. ೨೦೨೪ರಲ್ಲಿ ಅವುಗಳ ಅಂಕಿಗಳು ಮುಖ್ಯ ದಾಖಲೆಗೆ ಸೇರಿದಾಗ, ಟೈ ಕಾಬ್‌ನ ೦.೩೬೭ರ ದಾಂಡು ಸರಾಸರಿಯನ್ನು ಗಿಬ್ಸನ್‌ನ ೦.೩೭೨ ಹಿಂದೆ ಹಾಕಿತು. ಸತ್ತವನಿಗೆ ಅದರಿಂದ ಬಂದ ಲಾಭವಿಲ್ಲ. ದಾಖಲೆಗೆ ಮಾತ್ರ ಒಂದು ಸುಳ್ಳು ಕಡಿಮೆಯಾಯಿತು.

ಬಾಳೂ ಅವರ ವಿಷಯದಲ್ಲಿ ಈ ತಿದ್ದುಪಡಿ ಇನ್ನೂ ಕಷ್ಟ. ಅವರು ಪುಣೆಯ ಬಲೆಗಳಲ್ಲಿ ಕಿತ್ತ ವಿಕೆಟ್ಟುಗಳನ್ನು ಯಾರೂ ಬರೆದಿಡಲಿಲ್ಲ. ತಮ್ಮ ವಿಠ್ಠಲ ೧೯೪೮ರಲ್ಲಿ ಮರಾಠಿಯಲ್ಲಿ ತನ್ನ ಆಟದ ಜೀವನವನ್ನು ಬರೆಯದಿದ್ದರೆ, ನಮಗೆ ಈಗ ತಿಳಿದಿರುವಷ್ಟೂ ತಿಳಿಯುತ್ತಿರಲಿಲ್ಲ. ಆದುದರಿಂದ ನಾವು ಅಸಗನಿಗೆ ಕೊಟ್ಟ ನ್ಯಾಯವನ್ನೇ ಇಲ್ಲಿಯೂ ಕೊಡಬೇಕು: ಎದುರು ನಿಂತು ಆಡಿದ ಗ್ರೆಗ್, ನಾಯಕತ್ವವೇ ಅವರದೆಂದ ಪೈ, ಇಂಗ್ಲೆಂಡಿನ ೧೯೧೧ರ ಅಂಕಪಟ್ಟಿ, ಈ ಮೂರು ಸಾಕ್ಷ್ಯಗಳು ಸಾಕು. ಭಾರತದ ಮೊದಲ ಮಹಾನ್ ಬೌಲರ್ ಬಾಳೂ ಎನ್ನಲು ನನಗೆ ಸಂಕೋಚವಿಲ್ಲ.

ಧಾರವಾಡದಲ್ಲಿ ಹುಟ್ಟಿದ ಮಾತ್ರಕ್ಕೆ ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ನಮಗೆ ಬಾರದು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಾದರೆ ಬಂದೀತು. ಮುಂದಿನ ಮಳೆಗಾಲದಲ್ಲಿ, ಆಟ ನಿಂತು ಮಾತು ಬೆಳೆದಾಗ, ಯಾರು ದೊಡ್ಡವರೆಂದು ಕಿರಿಯರು ಎಣಿಸುತ್ತ ಕುಳಿತಲ್ಲಿ, ಹಿರಿಯರೊಬ್ಬರು ಇನ್ನೊಂದು ಪ್ರಶ್ನೆಯನ್ನೂ ಸೇರಿಸಲಿ: ಆಡಲು ಬಿಡದೆ ಹೋದವರು ಯಾರು?