ರೊಬೆರ್ಟೊ ರೊಸೆಲ್ಲಿನಿ

ರೊಬೆರ್ಟೊ ರೊಸೆಲ್ಲಿನಿ (8 ಮೇ 1906 – 3 ಜೂನ್ 1977) ಇಟಲಿಯ ಚಲನಚಿತ್ರ ಹಾಗೂ ದೂರದರ್ಶನ ನಿರ್ದೇಶಕರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ರೂಪುಗೊಂಡ ನವವಾಸ್ತವವಾದಿ ಚಿತ್ರಪಂಥದ ಪ್ರವರ್ತಕರಲ್ಲಿ ಒಬ್ಬರು ಎಂಬುದು ಅವರ ಮೊದಲ ಪರಿಚಯ. ಜೀವಿತದ ಕೊನೆಯ ಎರಡು ದಶಕಗಳಲ್ಲಿ ಅವರು ಬಹುಮಟ್ಟಿಗೆ ಕಿರುತೆರೆಗಾಗಿ ದುಡಿದರು. ಹಸಿವು, ಜನಸಂಖ್ಯೆ, ಯಂತ್ರನಾಗರಿಕತೆ, ಮಾನವನ ಉಳಿವು ಮೊದಲಾದ ವಿಶ್ವವ್ಯಾಪಿ ಪ್ರಶ್ನೆಗಳನ್ನು ಸಾಮಾನ್ಯ ವೀಕ್ಷಕರ ಮನೆಗೆ ಮುಟ್ಟಿಸುವುದು ಅವರ ಉದ್ದೇಶವಾಗಿತ್ತು. ಈ ತಿರುವಿಗೆ ಕಾರಣವಾದದ್ದು ಅವರ 1956–57ರ ಭಾರತ ಪ್ರವಾಸ. ಆ ಪ್ರವಾಸದಲ್ಲಿ ಅವರು ಅಂದಿನ ಮೈಸೂರು ರಾಜ್ಯದ ಕಾರಾಪುರದ ಕಾಡಿನಲ್ಲಿ ಆನೆಗಳನ್ನೂ ಮಾವುತರನ್ನೂ ಚಿತ್ರೀಕರಿಸಿದ್ದರು.

ಆರಂಭಿಕ ಜೀವನ

ರೊಸೆಲ್ಲಿನಿಯವರು ರೋಮ್ ನಗರದ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ಅವರ ತಂದೆ ಕಟ್ಟಡ ನಿರ್ಮಾಣದ ಉದ್ಯಮಿ. ರೋಮ್‌ನಲ್ಲಿ ಚಿತ್ರಮಂದಿರವನ್ನೂ ಕಟ್ಟಿಸಿದ್ದರು. ಹೀಗಾಗಿ ಬಾಲಕ ರೊಬೆರ್ಟೊ ಚಿಕ್ಕಂದಿನಿಂದಲೇ ಯಥೇಚ್ಛವಾಗಿ ಚಲನಚಿತ್ರಗಳನ್ನು ನೋಡುತ್ತ ಬೆಳೆದರು. ತಂದೆಯ ಮರಣಾನಂತರ ಕುಟುಂಬದ ಸಂಪತ್ತು ಕರಗಿತು. ಜೀವನೋಪಾಯಕ್ಕಾಗಿ ಅವರು ಚಿತ್ರೋದ್ಯಮದ ಹಲವು ಸಣ್ಣ ಕೆಲಸಗಳನ್ನು ಮಾಡಿದರು. ಅವರು ಮೊದಲು ನಿರ್ಮಿಸಿದವು ಪ್ರಕೃತಿಯನ್ನು ಕುರಿತ ಕಿರುಚಿತ್ರಗಳು. ನೀರಿನೊಳಗಿನ ಮೀನುಗಳನ್ನೇ ಪಾತ್ರಗಳನ್ನಾಗಿಸಿಕೊಂಡ ಕಿರುಚಿತ್ರವೊಂದು ಇವುಗಳಲ್ಲಿ ಪ್ರಸಿದ್ಧವಾಗಿದೆ.

1941ರಿಂದ 1943ರವರೆಗೆ ಅವರು ನಿರ್ದೇಶಿಸಿದ ಮೂರು ಚಿತ್ರಗಳು ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತದ ಯುದ್ಧಪ್ರಯತ್ನಕ್ಕೆ ಪೂರಕವಾಗಿದ್ದವು. ಮುಂದೆ ಯುದ್ಧವಿರೋಧಿ ಚಿತ್ರಗಳಿಂದ ಹೆಸರಾದ ನಿರ್ದೇಶಕರ ಜೀವನದಲ್ಲಿ ಇದು ವಿಮರ್ಶಕರು ಮತ್ತೆ ಮತ್ತೆ ಚರ್ಚಿಸಿದ ಅಧ್ಯಾಯ.

ನವವಾಸ್ತವವಾದಿ ಚಿತ್ರಗಳು

1944ರ ಜೂನ್‌ನಲ್ಲಿ ರೋಮ್ ಜರ್ಮನ್ ಸೇನೆಯಿಂದ ಮುಕ್ತವಾಯಿತು. ಮರುವರ್ಷವೇ, ಯುದ್ಧ ಇನ್ನೂ ಮುಗಿಯದಿರುವಾಗ, ರೊಸೆಲ್ಲಿನಿಯವರು 'ರೋಮ್, ಓಪನ್ ಸಿಟಿ' ಚಿತ್ರವನ್ನು ಆರಂಭಿಸಿದರು. ಹಣ, ವಿದ್ಯುತ್ತು, ಕಚ್ಚಾ ಫಿಲ್ಮ್ ಎಲ್ಲದಕ್ಕೂ ಕೊರತೆಯಿತ್ತು. ನಿಜವಾದ ಬೀದಿಗಳಲ್ಲಿ ನಡೆದ ಚಿತ್ರೀಕರಣ ಚಿತ್ರಕ್ಕೆ ಸುದ್ದಿಚಿತ್ರದ ಸಹಜತೆಯನ್ನು ನೀಡಿತು. 1946ರ ಕಾನ್ ಚಲನಚಿತ್ರೋತ್ಸವದಲ್ಲಿ ಅಗ್ರ ಪ್ರಶಸ್ತಿಯನ್ನು ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದು. ಇದರ ನಂತರ 'ಪೈಸಾ' (1946) ಮತ್ತು 'ಜರ್ಮನಿ, ಇಯರ್ ಝೀರೋ' (1948) ತೆರೆಕಂಡವು. ಈ ಮೂರನ್ನು ಒಟ್ಟಾಗಿ ಯುದ್ಧ ಚಿತ್ರತ್ರಯ ಎಂದು ಕರೆಯಲಾಗುತ್ತದೆ.

ಮೂರನೆಯ ಚಿತ್ರದ ಹಿಂದೆ ಒಂದು ವೈಯಕ್ತಿಕ ದುರಂತವಿದೆ. 1946ರಲ್ಲಿ ಅವರ ಹಿರಿಯ ಮಗ ರೊಮಾನೊ ಬಾಲ್ಯದಲ್ಲಿಯೇ ತೀರಿಕೊಂಡನು. ನೆಲಸಮವಾದ ಬರ್ಲಿನ್‌ನಲ್ಲಿ ಅಲೆಯುವ ಬಾಲಕನೊಬ್ಬನ ಕಥೆಯಾದ 'ಜರ್ಮನಿ, ಇಯರ್ ಝೀರೋ'ವನ್ನು ಅವರು ಆ ಮಗನ ನೆನಪಿಗೆ ಅರ್ಪಿಸಿದರು.

ಇಂಗ್ರಿಡ್ ಬರ್ಗ್‌ಮನ್ ಅವರೊಂದಿಗಿನ ವರ್ಷಗಳು

1948ರಲ್ಲಿ ಹಾಲಿವುಡ್‌ನ ಪ್ರಸಿದ್ಧ ನಟಿ ಇಂಗ್ರಿಡ್ ಬರ್ಗ್‌ಮನ್ ಅವರು ರೊಸೆಲ್ಲಿನಿಯವರ ಚಿತ್ರಗಳನ್ನು ಮೆಚ್ಚಿ, ಅವರೊಂದಿಗೆ ಕೆಲಸ ಮಾಡುವ ಇಚ್ಛೆಯನ್ನು ತಿಳಿಸಿ ಪತ್ರ ಬರೆದರು. 'ಸ್ಟ್ರೊಂಬೊಲಿ' ಚಿತ್ರದ ತಯಾರಿಕೆಯ ವೇಳೆಗೆ ಇಬ್ಬರೂ ಪರಸ್ಪರ ಪ್ರೀತಿಸತೊಡಗಿದರು. ಆಗ ಇಬ್ಬರೂ ವಿವಾಹಿತರಾಗಿದ್ದುದರಿಂದ ಈ ಸಂಬಂಧ ದೊಡ್ಡ ವಿವಾದವಾಯಿತು. 1950ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್‌ನಲ್ಲಿಯೂ ಇದರ ಖಂಡನೆ ನಡೆಯಿತು. ಅದೇ ವರ್ಷ ಅವರು ವಿವಾಹವಾದರು. ಈ ದಂಪತಿಗೆ ರೊಬೆರ್ಟೊ ಎಂಬ ಮಗನೂ ಇಸಬೆಲ್ಲಾ ಮತ್ತು ಇಸೊಟ್ಟಾ ಎಂಬ ಅವಳಿ ಹೆಣ್ಣುಮಕ್ಕಳೂ ಜನಿಸಿದರು. ಇಸಬೆಲ್ಲಾ ರೊಸೆಲ್ಲಿನಿ ಮುಂದೆ ಹೆಸರಾಂತ ನಟಿಯಾದರು.

ಇಬ್ಬರೂ ಕೂಡಿ ಮಾಡಿದ ಚಿತ್ರಗಳು ಗಲ್ಲಾಪೆಟ್ಟಿಗೆಯಲ್ಲಿ ಸೋತವು. ಆದರೆ 'ಜರ್ನಿ ಟು ಇಟಲಿ' (1954) ಫ್ರಾನ್ಸ್‌ನ ಯುವ ವಿಮರ್ಶಕರನ್ನು ಸೆಳೆಯಿತು. ಮುಂದೆ ನಿರ್ದೇಶಕರಾಗಿ ಹೆಸರು ಮಾಡಿದ ಫ್ರಾಂಸ್ವಾ ತ್ರುಫೊ ಕೆಲಕಾಲ ರೊಸೆಲ್ಲಿನಿಯವರ ಸಹಾಯಕರಾಗಿದ್ದರು. ಹೊಗಳಿಕೆ ಬಂದರೂ ಹಣ ಬರಲಿಲ್ಲ. 1956ರ ವೇಳೆಗೆ ಅವರ ವೃತ್ತಿಜೀವನವೂ ದಾಂಪತ್ಯವೂ ಸಂಕಷ್ಟದಲ್ಲಿದ್ದವು.

ಭಾರತ ಪ್ರವಾಸ (1956–57)

1956ರ ಡಿಸೆಂಬರ್‌ನಲ್ಲಿ ರೊಸೆಲ್ಲಿನಿಯವರು ಭಾರತಕ್ಕೆ ಬಂದಿಳಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರ ಬೆಂಬಲ ಈ ಯೋಜನೆಗಿತ್ತು. ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್ ನೆರವು ನೀಡಿತು. ಛಾಯಾಗ್ರಾಹಕ ಆಲ್ದೊ ತೊಂತಿ ಅವರೊಂದಿಗೆ ರೊಸೆಲ್ಲಿನಿಯವರು ಮುಂಬಯಿ, ಕೇರಳದ ಹಿನ್ನೀರು, ಒಡಿಶಾದ ಹಿರಾಕುಡ್ ಅಣೆಕಟ್ಟು ಮುಂತಾದೆಡೆ ಸಂಚರಿಸಿದರು. ಹಾವಾಡಿಗರು, ಮಹಾರಾಜರು, ಸಾಧುಗಳು ಎಂಬ ಸಿದ್ಧಚಿತ್ರಗಳಾಚೆಗೆ, ಆಗತಾನೇ ಸ್ವತಂತ್ರವಾದ ದೇಶವೊಂದು ತನ್ನ ಬಡತನದೊಡನೆ ಹೇಗೆ ಹೋರಾಡುತ್ತಿದೆ ಎಂಬುದನ್ನು ಯುರೋಪಿನವರಿಗೆ ತೋರಿಸುವುದು ಅವರ ಗುರಿಯಾಗಿತ್ತು.

ಮೈಸೂರು ರಾಜ್ಯದಲ್ಲಿ

ರೊಸೆಲ್ಲಿನಿಯವರು ಬರುವ ತಿಂಗಳ ಹಿಂದಷ್ಟೇ, 1956ರ ನವೆಂಬರ್ 1ರಂದು, ಕನ್ನಡನಾಡು ವಿಶಾಲ ಮೈಸೂರು ರಾಜ್ಯವಾಗಿ ಒಂದಾಗಿತ್ತು. ಅವರು ಆನೆಗಳ ಭಾಗವನ್ನು ಚಿತ್ರೀಕರಿಸಿದ ಕಾರಾಪುರವು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ನದಿಯ ಸೀಮೆಯಲ್ಲಿದೆ. ಕಾಡಾನೆಗಳನ್ನು ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆಯೂ ಇದೇ ಸೀಮೆಯದು. ಈ ಊರು ಜಗತ್ತಿನ ಸಾಕ್ಷ್ಯಚಿತ್ರಕಾರರಿಗೆ ಹೊಸದೇನೂ ಆಗಿರಲಿಲ್ಲ. ಸಾಕ್ಷ್ಯಚಿತ್ರದ ಆದ್ಯರಲ್ಲೊಬ್ಬರಾದ ರಾಬರ್ಟ್ ಫ್ಲಾಹರ್ಟಿಯವರು ಸಹನಿರ್ದೇಶಿಸಿದ 'ಎಲಿಫೆಂಟ್ ಬಾಯ್' (1937) ಚಿತ್ರದಿಂದ ವಿಶ್ವವಿಖ್ಯಾತನಾದ ಬಾಲನಟ ಸಾಬು ಕಾರಾಪುರದ ಮಾವುತನ ಮಗ.

ಆದರೆ ರೊಸೆಲ್ಲಿನಿಯವರ ನೋಟ ಬೇರೆಯಾಗಿತ್ತು. ಅವರ ಚಿತ್ರದಲ್ಲಿ ಬೇಟೆಯಿಲ್ಲ, ಸಾಹಸವಿಲ್ಲ. ಆನೆ ಮರಗಳನ್ನು ಉರುಳಿಸುತ್ತದೆ, ದಿಮ್ಮಿ ಸಾಗಿಸುತ್ತದೆ. ಬಿಸಿಲೇರಿದಾಗ ಮಾವುತ ಅದನ್ನು ನೀರಿಗಿಳಿಸಿ ಮೈತಿಕ್ಕಿ ತೊಳೆಯುತ್ತಾನೆ. ರಾಶಿ ಮೇವು ಹೊಂದಿಸುತ್ತಾನೆ. ಯಾರು ಯಾರಿಗಾಗಿ ದುಡಿಯುತ್ತಿದ್ದಾರೆ ಎಂಬ ಪ್ರಶ್ನೆ ನೋಡುಗರಲ್ಲಿ ತಾನಾಗಿಯೇ ಏಳುತ್ತದೆ. ಇದರೊಂದಿಗೆ ಗೊಂಬೆಯಾಟದವನ ಮಗಳನ್ನು ಮೆಚ್ಚುವ ತರುಣ ಮಾವುತನ ಮದುವೆಯ ಕಥೆ ಹೆಣೆದುಕೊಂಡಿದೆ. ಪಾತ್ರಧಾರಿಗಳು ವೃತ್ತಿಪರ ನಟರಲ್ಲ. ಮುಂದೆ ಕಬಿನಿ ಜಲಾಶಯದ ನಿರ್ಮಾಣದಿಂದ ಈ ಕಾಡಿನ ಬಹುಭಾಗ ಮುಳುಗಡೆಯಾಯಿತು, ಖೆಡ್ಡಾ ಪದ್ಧತಿಯೂ ನಿಂತುಹೋಯಿತು. ಆದ್ದರಿಂದ ಈ ದೃಶ್ಯಗಳಿಗೆ ಇಂದು ಐತಿಹಾಸಿಕ ದಾಖಲೆಯ ಬೆಲೆಯೂ ಇದೆ.

ಕನ್ನಡ ಚಿತ್ರರಂಗಕ್ಕೂ ರೊಸೆಲ್ಲಿನಿಯವರಿಗೂ ಮತ್ತೊಂದು ನಂಟಿದೆ. 'ಸುಬ್ಬಾಶಾಸ್ತ್ರಿ' (1966) ಚಿತ್ರದ ನಿರ್ದೇಶಕ ಎಂ. ವಿ. ಕೃಷ್ಣಸ್ವಾಮಿ ಅವರು ಇಟಲಿಯಲ್ಲಿ ರೊಸೆಲ್ಲಿನಿಯವರ ಬಳಿ ಚಿತ್ರನಿರ್ಮಾಣವನ್ನು ಅಭ್ಯಾಸ ಮಾಡಿದ್ದರು.

ವಿವಾದ ಮತ್ತು ನಿರ್ಗಮನ

ಚಿತ್ರೀಕರಣದ ಅವಧಿಯಲ್ಲಿ ರೊಸೆಲ್ಲಿನಿ ಹಾಗೂ ಸೊನಾಲಿ ದಾಸ್‌ಗುಪ್ತಾ ಅವರ ನಡುವೆ ಪ್ರೇಮ ಬೆಳೆಯಿತು. ಸೊನಾಲಿಯವರು ಬಂಗಾಳದ ಸಾಕ್ಷ್ಯಚಿತ್ರ ನಿರ್ದೇಶಕ ಹರಿಸಾಧನ್ ದಾಸ್‌ಗುಪ್ತಾ ಅವರ ಪತ್ನಿ. ಇಬ್ಬರು ಗಂಡುಮಕ್ಕಳ ತಾಯಿ. ಪತ್ರಿಕೆಗಳು ಇದನ್ನು ತಿಂಗಳುಗಟ್ಟಲೆ ಸುದ್ದಿ ಮಾಡಿದವು. 1957ರಲ್ಲಿ ಸೊನಾಲಿಯವರು ಕಿರಿಯ ಮಗನೊಂದಿಗೆ ಭಾರತವನ್ನು ತೊರೆದರು. ಹಿರಿಯ ಮಗ ತಂದೆಯ ಬಳಿ ಉಳಿದನು. ಅದೇ ವರ್ಷ ಬರ್ಗ್‌ಮನ್ ಅವರೊಂದಿಗಿನ ದಾಂಪತ್ಯವೂ ಮುರಿಯಿತು. ಭಾರತದ ನೈಜ ಬದುಕನ್ನು ತೋರಿಸಲು ಹೊರಟ ಕೆಲಸವು ಎರಡು ಸಂಸಾರಗಳ ಒಡಕಿನ ಸುದ್ದಿಯಡಿ ಬಹುಕಾಲ ಮುಚ್ಚಿಹೋಯಿತು.

ಭಾರತವನ್ನು ಕುರಿತ ದೂರದರ್ಶನ ಸರಣಿ

ಪ್ರವಾಸದ ಫಲವಾಗಿ ಎರಡು ಕೃತಿಗಳು ಹೊರಬಂದವು. ಮೊದಲನೆಯದು 'ರೊಸೆಲ್ಲಿನಿ ಕಂಡ ಭಾರತ' ಎಂಬರ್ಥದ ಶೀರ್ಷಿಕೆಯುಳ್ಳ ಹತ್ತು ಕಂತುಗಳ ಸರಣಿ. ಇದು 1959ರ ಜನವರಿಯಿಂದ ಮಾರ್ಚ್‌ವರೆಗೆ ಇಟಲಿಯ ಪ್ರಸಾರ ಸಂಸ್ಥೆ ರಾಯ್ ಮೂಲಕ ಪ್ರಸಾರವಾಯಿತು. ಇದರ ಫ್ರೆಂಚ್ ರೂಪವೂ ಅದೇ ವರ್ಷ ಫ್ರಾನ್ಸ್‌ನಲ್ಲಿ ಪ್ರಸಾರಗೊಂಡಿತು. ರೊಸೆಲ್ಲಿನಿಯವರು ಸ್ಟುಡಿಯೊದಲ್ಲಿ ಪತ್ರಕರ್ತರೊಬ್ಬರ ಎದುರು ಕುಳಿತು, ತಾವು ತಂದ ದೃಶ್ಯಗಳಿಗೆ ವಿವರಣೆ ನೀಡುತ್ತ, ಅವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಮುಂಬಯಿಯ ಜನಜೀವನ, ವರ್ಸೋವಾದ ಮೀನುಗಾರರು, ಮಲಬಾರಿನ ಹಿನ್ನೀರು, ಹಿರಾಕುಡ್ ಅಣೆಕಟ್ಟು, ನೆಹರೂ, ಭಾರತದ ಪ್ರಾಣಿಗಳು ಮುಂತಾದ ವಿಷಯಗಳಿಗೆ ಒಂದೊಂದು ಕಂತು ಮೀಸಲಾಗಿತ್ತು. ಪರದೇಶವೊಂದರ ಸಮಸ್ಯೆಗಳನ್ನು ದೃಶ್ಯ ಮತ್ತು ಸಂವಾದಗಳ ಮೂಲಕ ವಾರವಾರವೂ ವೀಕ್ಷಕರ ಮುಂದಿಡುವ ಈ ಕ್ರಮ ಇಂದಿನ ನಿಯತಕಾಲಿಕ ಮಾದರಿಯ ದೂರದರ್ಶನ ಕಾರ್ಯಕ್ರಮಗಳಿಗೆ ಸಮೀಪವಾದದ್ದು.

ಎರಡನೆಯದು 'ಇಂಡಿಯಾ: ಮಾತೃಭೂಮಿ' ಚಲನಚಿತ್ರ. 1959ರ ಕಾನ್ ಉತ್ಸವದಲ್ಲಿ ಇದರ ಪ್ರದರ್ಶನವಾಯಿತು. ಇದರಲ್ಲಿ ನಾಲ್ಕು ಕಥೆಗಳಿವೆ: ಕಾರಾಪುರದ ಮಾವುತ, ಹಿರಾಕುಡ್‌ನಲ್ಲಿ ಕೆಲಸ ಮುಗಿಸಿ ಊರು ಬಿಡಬೇಕಾದ ಕಾರ್ಮಿಕ, ಗಣಿ ಶೋಧಕರ ಗದ್ದಲದಿಂದ ಕಂಗೆಟ್ಟ ಹುಲಿಯನ್ನು ಉಳಿಸಲೆತ್ನಿಸುವ ವೃದ್ಧ, ಒಡೆಯನನ್ನು ಕಳೆದುಕೊಂಡ ಕೋತಿ. ನಾಲ್ಕರಲ್ಲಿಯೂ ಮನುಷ್ಯ ಮತ್ತು ಪ್ರಕೃತಿಯ ಸಂಬಂಧ ಬದಲಾಗುತ್ತಿರುವ ಘಳಿಗೆಯೇ ವಸ್ತು. ಪರಿಸರವೆಂಬ ಮಾತು ಸಾರ್ವಜನಿಕ ಚರ್ಚೆಗೆ ಬರುವ ಮುನ್ನವೇ ಆ ಪ್ರಶ್ನೆಗಳನ್ನು ಎತ್ತಿದ ಚಿತ್ರವಿದು.

ದೂರದರ್ಶನವೆಂಬ ಪಾಠಶಾಲೆ

ಭಾರತದಿಂದ ಮರಳಿದ ಮೇಲೆ ರೊಸೆಲ್ಲಿನಿಯವರು ಬ್ರೆಜಿಲ್‌ನ ವಿದ್ವಾಂಸ ಜೊಸುವೆ ದ ಕಾಸ್ಟ್ರೊ ಅವರ ಹಸಿವಿನ ಭೂಗೋಳವನ್ನು ಕುರಿತ ಗ್ರಂಥವನ್ನು ಆಧರಿಸಿ ಚಿತ್ರ ಮಾಡಬಯಸಿ ಆ ದೇಶಕ್ಕೂ ಹೋಗಿಬಂದರು. ಆ ಯೋಜನೆ ಕೈಗೂಡಲಿಲ್ಲ. 'ಜನರಲ್ ದೆಲ್ಲಾ ರೊವೆರೆ' (1959) ಚಿತ್ರ ವೆನಿಸ್ ಉತ್ಸವದ ಅಗ್ರ ಪ್ರಶಸ್ತಿಯನ್ನು ಹಂಚಿಕೊಂಡಿತು, ಹಣವನ್ನೂ ಗಳಿಸಿತು. ಆ ದಾರಿಯಲ್ಲಿಯೇ ಮುಂದುವರಿದಿದ್ದರೆ ಅವರ ಉಳಿದ ಬದುಕು ಸುಖವಾಗಿ ಸಾಗುತ್ತಿತ್ತು. ಆದರೆ 1960ರ ದಶಕದ ಆರಂಭದಲ್ಲಿ ಅವರು ಸಿನಿಮಾದ ಕಾಲ ಮುಗಿಯಿತೆಂದು ಬಹಿರಂಗವಾಗಿ ಘೋಷಿಸಿ, ದೂರದರ್ಶನದತ್ತ ಹೊರಳಿದರು.

ಅವರ ವಾದ ಸರಳವಾಗಿತ್ತು. ವಿಜ್ಞಾನ ವೇಗವಾಗಿ ಬೆಳೆಯುತ್ತಿದೆ; ಅದರ ತಿಳಿವಳಿಕೆ ಮಾತ್ರ ಕೆಲವೇ ತಜ್ಞರಲ್ಲಿ ಉಳಿದಿದೆ. ತಿಳಿಯದ ಜನ ಹೆದರುತ್ತಾರೆ, ಹೆದರಿದವರನ್ನು ಆಳುವುದು ಸುಲಭ. ಕೋಟ್ಯಂತರ ಮನೆಗಳನ್ನು ಏಕಕಾಲಕ್ಕೆ ತಲುಪಬಲ್ಲ ದೂರದರ್ಶನ ಮನರಂಜನೆಯಲ್ಲಿಯೇ ಕಾಲ ಕಳೆಯುವುದು ಆದ್ದರಿಂದ ಬರಿಯ ಅಭಿರುಚಿಯ ಪ್ರಶ್ನೆಯಲ್ಲ, ಪ್ರಜಾಪ್ರಭುತ್ವದ ಪ್ರಶ್ನೆ ಎಂದು ಅವರು ಭಾವಿಸಿದ್ದರು.

ಈ ನಿಲುವಿನಿಂದ ಹುಟ್ಟಿದ ಮೊದಲ ದೊಡ್ಡ ಸರಣಿ, ಮಾನವ ಇತಿಹಾಸದಲ್ಲಿ ಕಬ್ಬಿಣದ ಪಾತ್ರವನ್ನು ಕುರಿತ ಐದು ಕಂತುಗಳ 'ಕಬ್ಬಿಣದ ಯುಗ' (1964). ಅನ್ನ, ವಸತಿ, ಔಷಧ, ಯಂತ್ರಗಳಿಗಾಗಿ ಮಾನವನು ನಡೆಸಿದ ದೀರ್ಘ ಪ್ರಯತ್ನವನ್ನು ಹನ್ನೆರಡು ಕಂತುಗಳ 'ಉಳಿವಿಗಾಗಿ ಮಾನವನ ಹೋರಾಟ' (1970–71) ನಿರೂಪಿಸಿತು. ಈ ಎರಡೂ ಸರಣಿಗಳ ನಿರ್ದೇಶನದಲ್ಲಿ ಮಗ ರೆಂಜೊ ಅವರು ಜೊತೆಗಿದ್ದರು. ಫ್ರಾನ್ಸ್‌ನ ಹದಿನಾಲ್ಕನೆಯ ಲೂಯಿ, ಸಾಕ್ರೆಟಿಸ್, ಪ್ಯಾಸ್ಕಲ್, ಸಂತ ಅಗಸ್ಟಿನ್, ದೆಕಾರ್ತ್ ಮೊದಲಾದವರ ಜೀವನವನ್ನೂ ಅವರು ಕಿರುತೆರೆಗೆ ತಂದರು. ಇವುಗಳಲ್ಲಿ ನಾಟಕೀಯ ಆವೇಶ ಕಡಿಮೆ. ವಿಚಾರಕ್ಕೆ, ನಿತ್ಯಜೀವನದ ವಿವರಕ್ಕೆ ಆದ್ಯತೆ ಹೆಚ್ಚು.

ಸಮಕಾಲೀನ ಜಗತ್ತಿನ ಪ್ರಶ್ನೆಗಳನ್ನೂ ಅವರು ಬಿಡಲಿಲ್ಲ. 1971ರಲ್ಲಿ ಚಿಲಿ ದೇಶದ ಅಧ್ಯಕ್ಷ ಸಾಲ್ವದೋರ್ ಅಲೆಂದೆ ಅವರನ್ನು ಸಂದರ್ಶಿಸಿದರು. ಅದು ಇಟಲಿಯಲ್ಲಿ ಪ್ರಸಾರವಾದದ್ದು 1973ರ ಸೆಪ್ಟೆಂಬರ್‌ನಲ್ಲಿ, ಸೇನಾಕ್ರಾಂತಿಯಲ್ಲಿ ಅಲೆಂದೆ ಮರಣ ಹೊಂದಿದ ಮೇಲೆ. ವಿಶ್ವಸಂಸ್ಥೆಯು 1974ರಲ್ಲಿ ಬುಕಾರೆಸ್ಟ್‌ನಲ್ಲಿ ಜನಸಂಖ್ಯಾ ಸಮ್ಮೇಳನವನ್ನು ನಡೆಸಿದ ಸಂದರ್ಭಕ್ಕಾಗಿ ಅವರು 'ಎ ಕ್ವೆಶ್ಚನ್ ಆಫ್ ಪೀಪಲ್' ಎಂಬ ಸಾಕ್ಷ್ಯಚಿತ್ರವನ್ನು ಸಿದ್ಧಪಡಿಸಿದರು. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ರೈಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳೊಂದಿಗೆ ವಿಜ್ಞಾನ ಸರಣಿಯೊಂದನ್ನು ಯೋಜಿಸಿದರಾದರೂ ಅದು ಪೂರ್ಣಗೊಳ್ಳಲಿಲ್ಲ.

ಕೊನೆಯ ದಿನಗಳು

1977ರ ಕಾನ್ ಉತ್ಸವದಲ್ಲಿ ರೊಸೆಲ್ಲಿನಿಯವರು ತೀರ್ಪುಗಾರರ ಮಂಡಳಿಯ ಅಧ್ಯಕ್ಷರಾಗಿದ್ದರು. ಆ ವರ್ಷದ ಅಗ್ರ ಪ್ರಶಸ್ತಿ ತವಿಯಾನಿ ಸಹೋದರರ 'ಪಾದ್ರೆ ಪದ್ರೋನೆ' ಚಿತ್ರಕ್ಕೆ ದೊರೆಯಿತು. ಅದು ಇಟಲಿಯ ದೂರದರ್ಶನಕ್ಕಾಗಿ ತಯಾರಾದ ಚಿತ್ರವಾಗಿತ್ತು. ಉತ್ಸವ ಮುಗಿದ ಕೆಲವೇ ದಿನಗಳಲ್ಲಿ, ಜೂನ್ 3ರಂದು, ಅವರು ರೋಮ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಕಾರ್ಲ್ ಮಾರ್ಕ್ಸ್ ಅವರನ್ನು ಕುರಿತ ಚಿತ್ರದ ಯೋಜನೆ ಅಪೂರ್ಣವಾಗಿ ಉಳಿಯಿತು.

ಮೌಲ್ಯಮಾಪನ

ರೊಸೆಲ್ಲಿನಿಯವರ ದೂರದರ್ಶನ ಕೃತಿಗಳ ಬಗ್ಗೆ ಏಕಾಭಿಪ್ರಾಯವಿಲ್ಲ. ಅವು ನೀರಸ, ಉಪನ್ಯಾಸದಂತಿವೆ ಎಂಬ ಆಕ್ಷೇಪವಿದೆ. ನೋಡುಗರನ್ನು ಕೆರಳಿಸದೆ ಯೋಚನೆಗೆ ಹಚ್ಚುವುದೇ ಅವುಗಳ ಗುಣ ಎಂಬ ಸಮರ್ಥನೆಯೂ ಇದೆ. ಜನರಿಗೆ ಕಲಿಸಬೇಕೆಂಬ ಹಂಬಲ ಮತ್ತು ಜನರು ಸಂತೋಷದಿಂದ ನೋಡಬೇಕೆಂಬ ಅಗತ್ಯ, ಇವೆರಡರ ನಡುವಿನ ಸೆಣಸಾಟ ಅವರ ಕೆಲಸದಲ್ಲಿ ಕೊನೆಯವರೆಗೂ ಬಗೆಹರಿಯಲಿಲ್ಲ.

ಇದೇ ಪ್ರಶ್ನೆ ಅವರ ಜೀವಿತಕಾಲದಲ್ಲಿಯೇ ಕನ್ನಡನಾಡಿಗೂ ಬಂದಿತು. 1975–76ರಲ್ಲಿ ಉಪಗ್ರಹದ ನೆರವಿನಿಂದ ನಡೆದ ಬೋಧಕ ದೂರದರ್ಶನ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಕೃಷಿ, ಆರೋಗ್ಯ, ವಿಜ್ಞಾನ ವಿಷಯಗಳ ಕಾರ್ಯಕ್ರಮಗಳನ್ನು ಕನ್ನಡದಲ್ಲಿ ನೋಡಿದವು. ಆ ಪ್ರಯೋಗಕ್ಕೂ ರೊಸೆಲ್ಲಿನಿಯವರಿಗೂ ನೇರ ಸಂಬಂಧವಿಲ್ಲ. ದೂರದರ್ಶನವು ಎಲ್ಲರ ಪಾಠಶಾಲೆಯಾಗಬಲ್ಲದು ಎಂಬ ನಂಬಿಕೆ ಮಾತ್ರ ಎರಡಕ್ಕೂ ಸಮಾನ.

ಆಯ್ದ ದೂರದರ್ಶನ ಹಾಗೂ ಸಾಕ್ಷ್ಯಚಿತ್ರ ಕೃತಿಗಳು

1959 – ರೊಸೆಲ್ಲಿನಿ ಕಂಡ ಭಾರತ (10 ಕಂತುಗಳು)
1959 – ಇಂಡಿಯಾ: ಮಾತೃಭೂಮಿ (ಚಲನಚಿತ್ರ)
1964 – ಕಬ್ಬಿಣದ ಯುಗ (5 ಕಂತುಗಳು)
1966 – ಹದಿನಾಲ್ಕನೆಯ ಲೂಯಿಯ ಅಧಿಕಾರಗ್ರಹಣ
1970–71 – ಉಳಿವಿಗಾಗಿ ಮಾನವನ ಹೋರಾಟ (12 ಕಂತುಗಳು)
1971 – ಸಾಕ್ರೆಟಿಸ್
1972 – ಬ್ಲೇಸ್ ಪ್ಯಾಸ್ಕಲ್
1974 – ಎ ಕ್ವೆಶ್ಚನ್ ಆಫ್ ಪೀಪಲ್