ಕ್ಯಾಮೆರಾ ಹಿಡಿದ ಗೃಹಿಣಿ: ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ನಮ್ಮಲ್ಲಿ ಬಹು ಬಳಕೆಯ ಗಾದೆ. ಎಳೆಯರನ್ನು ಓದಿಗೆ ಹಚ್ಚುವುದಕ್ಕೆ ಇದು ಒಳ್ಳೆಯ ಆಯುಧವೇ ಸರಿ. ಆದರೆ ಇದೇ ಆಯುಧವನ್ನು ಹಿರಿಯರ ಮೇಲೆ, ಅದರಲ್ಲಿಯೂ ಮನೆವಾರ್ತೆಯಲ್ಲಿ ಮುಳುಗಿದ ಹೆಂಗಸರ ಮೇಲೆ, ಬೀಸುವುದನ್ನೂ ನಾನು ಕಂಡಿದ್ದೇನೆ. ನಲವತ್ತು ದಾಟಿದ ಗೃಹಿಣಿಯೊಬ್ಬಳು ಹೊಸದೇನನ್ನಾದರೂ ಕಲಿಯುತ್ತೇನೆಂದು ಹೊರಟರೆ, ಇನ್ನು ಅದೇಕೆ ಎಂದು ನಗುವವರೇ ಹೆಚ್ಚು. ಈ ಗಾದೆಗೆ ಸಡ್ಡು ಹೊಡೆದ ಒಬ್ಬಾಕೆಯ ಜೀವನವನ್ನು ನನ್ನ ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಆಕೆ ಹುಟ್ಟಿದ್ದು ನಮ್ಮ ದೇಶದ ನೆಲದಲ್ಲಿ; ಹೆಸರು ಗಳಿಸಿದ್ದು ಇಂಗ್ಲೆಂಡಿನಲ್ಲಿ; ಮಣ್ಣಾದದ್ದು ಸಿಂಹಳದಲ್ಲಿ. ಆಕೆಯ ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಕ್ಯಾಮೆರಾನ್ ಎಂಬುದು ಗಂಡನ ಮನೆತನದ ಹೆಸರೇ ಹೊರತು ಆಕೆಯ ಕಸುಬಿನಿಂದ ಬಂದ ಬಿರುದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜೂಲಿಯಾ ಹುಟ್ಟಿದ್ದು 1815ನೆಯ ಇಸವಿ ಜೂನ್ 11ರಂದು, ಕಲ್ಕತ್ತೆಯಲ್ಲಿ. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವಳು. ಪ್ಯಾಟಲ್ ಸೋದರಿಯರು ಚೆಲುವಿಗೆ ಹೆಸರಾದವರು. ಅವರ ನಡುವೆ ಜೂಲಿಯಾ ಒಬ್ಬಳು ಮಾತ್ರ ಚೆಲುವೆ ಎನಿಸಿಕೊಳ್ಳಲಿಲ್ಲ. ಉತ್ಸಾಹಕ್ಕೆ, ಮಾತಿಗೆ, ಕೊಡುಗೈಗೆ ಹೆಸರಾದಳು. ಬಾಲ್ಯದ ಬಹುಭಾಗವನ್ನು ಅಜ್ಜಿಯ ಬಳಿ ಫ್ರಾನ್ಸಿನಲ್ಲಿ ಕಳೆದು 1834ರಲ್ಲಿ ಭಾರತಕ್ಕೆ ಮರಳಿದಳು. ಆರೋಗ್ಯ ಸುಧಾರಿಸಿಕೊಳ್ಳಲು 1836ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತಕ್ಕೆ ಹೋದಾಗ ಅಲ್ಲಿ ಇಬ್ಬರ ಪರಿಚಯವಾಯಿತು. ಒಬ್ಬನು ಪ್ರಸಿದ್ಧ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್. ಇನ್ನೊಬ್ಬನು ಚಾರ್ಲ್ಸ್ ಹೇ ಕ್ಯಾಮೆರಾನ್. ವಯಸ್ಸಿನಲ್ಲಿ ಆಕೆಗಿಂತ 20 ವರ್ಷ ಹಿರಿಯನಾದ ನ್ಯಾಯಶಾಸ್ತ್ರಜ್ಞ. 1838ರಲ್ಲಿ ಕಲ್ಕತ್ತೆಯಲ್ಲಿ ಅವನೊಡನೆ ಆಕೆಯ ವಿವಾಹವಾಯಿತು.

ಈ ಚಾರ್ಲ್ಸ್ ಕ್ಯಾಮೆರಾನನ ಹೆಸರು ನಮಗೆ ಅಪರಿಚಿತವಾದರೂ ಅವನ ಕೆಲಸ ಅಪರಿಚಿತವಲ್ಲ. ಮೆಕಾಲೆಯ ಕಾನೂನು ಆಯೋಗದಲ್ಲಿ ಅವನು ಸದಸ್ಯನಾಗಿದ್ದನು. ಆ ಆಯೋಗ ಸಿದ್ಧಪಡಿಸಿದ ಕರಡೇ ಮುಂದೆ 1860ರಲ್ಲಿ ಭಾರತ ದಂಡಸಂಹಿತೆಯಾಗಿ, 2024ರಲ್ಲಿ ಹೊಸ ಸಂಹಿತೆ ಬರುವ ತನಕ ನಮ್ಮ ನ್ಯಾಯಾಲಯಗಳಲ್ಲಿ ನಡೆಯಿತು. ಗಂಡ ಸರಕಾರದ ಉನ್ನತ ಪದವಿಗೇರಿದಂತೆ ಜೂಲಿಯಾ ಕಲ್ಕತ್ತೆಯ ಆಂಗ್ಲ ಸಮಾಜದಲ್ಲಿ ಮುಂದಾಳಾದಳು. ಐರ್ಲೆಂಡಿನಲ್ಲಿ ಕ್ಷಾಮ ಬಂದಾಗ ಇಲ್ಲಿಂದಲೇ ಹಣ ಕೂಡಿಸಿ ಕಳುಹಿಸಿದಳು. 1848ರಲ್ಲಿ ಸಂಸಾರ ಇಂಗ್ಲೆಂಡಿಗೆ ತೆರಳಿತು. 1860ರಲ್ಲಿ ಐಲ್ ಆಫ್ ವೈಟ್ ದ್ವೀಪದ ಫ್ರೆಷ್‌ವಾಟರ್ ಎಂಬಲ್ಲಿ, ಕವಿ ಟೆನಿಸನ್ನನ ಮನೆಯ ನೆರೆಯಲ್ಲಿ, ಎರಡು ಮನೆಗಳನ್ನು ಕೊಂಡು ಒಂದಾಗಿಸಿದರು. ಸಿಂಹಳದಲ್ಲಿದ್ದ ತಮ್ಮ ಕಾಫಿ ತೋಟದ ನೆನಪಿಗೆ ಆ ಮನೆಗೆ ಡಿಂಬೋಲಾ ಎಂದು ಹೆಸರಿಟ್ಟರು.

ಆ ಮನೆಯ ಗದ್ದಲವನ್ನು ಊಹಿಸಿಕೊಳ್ಳಬೇಕು. ತನ್ನ ಸ್ವಂತ ಮಕ್ಕಳ ಜೊತೆಗೆ ಬಂಧುಗಳ ತಬ್ಬಲಿ ಮಕ್ಕಳನ್ನೂ ಜೂಲಿಯಾ ಸಾಕಿದಳು. ಭಿಕ್ಷೆಗೆ ಬಂದ ಮೇರಿ ರಯಾನ್ ಎಂಬ ಐರಿಷ್ ಹುಡುಗಿಯನ್ನು ಮನೆಗೆ ಕರೆತಂದು ಓದು ಬರಹ ಕಲಿಸಿದಳು. ಅತಿಥಿಗಳಿಗೆ ಕೊನೆಯಿಲ್ಲ; ಪತ್ರ ಬರೆಯುವುದಕ್ಕೆ ಮಿತಿಯಿಲ್ಲ. ಗಂಡನಿಗೆ ವಯಸ್ಸಾಗಿತ್ತು. ಅವನ ಮನಸ್ಸೆಲ್ಲ ಸಿಂಹಳದ ತೋಟಗಳ ಮೇಲೆ. ಆ ತೋಟಗಳೋ ಬರವಿಗಿಂತ ಹೆಚ್ಚಾಗಿ ಚಿಂತೆಯನ್ನೇ ತರುತ್ತಿದ್ದವು. 1863ರ ಡಿಸೆಂಬರಿನಲ್ಲಿ ಅವನು ದೂರದ ಸಿಂಹಳದಲ್ಲಿದ್ದಾಗ, ಒಂಟಿತನ ಕಳೆಯಲೆಂದು ಮಗಳೂ ಅಳಿಯನೂ ಸೇರಿ ಆಕೆಗೊಂದು ಕ್ಯಾಮೆರಾ ಕಾಣಿಕೆ ಕೊಟ್ಟರು. ಆಗ ಆಕೆಗೆ 48 ವರ್ಷ.

ಛಾಯಾಚಿತ್ರವೆಂಬುದು ಆಕೆಗೆ ತೀರ ಹೊಸದಾಗಿರಲಿಲ್ಲ. ಕಲ್ಕತ್ತೆಯಲ್ಲಿದ್ದಾಗಲೇ, 1842ರಲ್ಲಿ, ಹರ್ಷೆಲನು ಈ ಹೊಸ ವಿದ್ಯೆಯ ಮಾದರಿಗಳನ್ನು ಆಕೆಗೆ ಕಳುಹಿಸಿದ್ದನು. ಆದರೆ ನೋಡುವುದು ಬೇರೆ, ಮಾಡುವುದು ಬೇರೆ. ಇಂದು ಜೇಬಿನಿಂದ ಫೋನು ತೆಗೆದು ಒಂದು ಕ್ಷಣದಲ್ಲಿ ಚಿತ್ರ ಹಿಡಿಯುವ ನಮಗೆ ಆ ಕಾಲದ ಶ್ರಮ ಊಹೆಗೂ ನಿಲುಕದು. ಮೊದಲು ಗಾಜಿನ ಹಲಗೆಯನ್ನು ಕಲೆಯಿಲ್ಲದಂತೆ ಉಜ್ಜಬೇಕು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ತೆಳ್ಳಗೆ ಹರಡಬೇಕು. ಕತ್ತಲೆ ಕೋಣೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮೆರಾಕ್ಕೆ ಸೇರಿಸಬೇಕು. ಎದುರಿಗೆ ಕುಳಿತವರು ಕೆಲವು ನಿಮಿಷ ಅಲುಗಾಡದೆ ಇರಬೇಕು. ಗಾಜು ಒಣಗುವ ಮೊದಲೇ ಮತ್ತೆ ಕತ್ತಲೆ ಕೋಣೆಗೆ ಓಡಿ ಚಿತ್ರ ಮೂಡಿಸಬೇಕು. ಅನಂತರ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಒಂದು ಹಲಗೆಗೆ ಬಾವಿಯಿಂದ ಒಂಬತ್ತು ಪಾತ್ರೆ ನೀರು ಬೇಕಾಗುತ್ತಿತ್ತೆಂದು ಆಕೆಯೇ ಲೆಕ್ಕವಿಟ್ಟಿದ್ದಾಳೆ. ಕೊನೆಗೆ ಮೊಟ್ಟೆಯ ಬಿಳಿಯ ಲೋಳೆ ಬಳಿದ ಕಾಗದದ ಮೇಲೆ ಆ ಗಾಜನ್ನಿಟ್ಟು ಬಿಸಿಲಿನಲ್ಲಿ ಅಚ್ಚು ತೆಗೆಯಬೇಕು. ಸಿಲ್ವರ್ ನೈಟ್ರೇಟ್ ತಗುಲಿದ ಕೈ ಕಪ್ಪಾಗುತ್ತದೆ. ಜೂಲಿಯಾಳ ಬೆರಳುಗಳೂ ಉಡುಪೂ ಸದಾ ಕಪ್ಪು ಕಲೆಗಳಿಂದ ತುಂಬಿರುತ್ತಿದ್ದವು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಆಕೆಯ ಮಟ್ಟಿಗೆ ಕೈ ಕಪ್ಪಾದರೆ ಗಾಜು ಬೆಳಗಿತು.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕೆಂದು ನನ್ನ ಬಿನ್ನಹ. ಹೆಂಗಸರಿಗೆ ತಕ್ಕವೆಂದು ಲೋಕ ಒಪ್ಪಿರುವ ಕಲೆಗಳನ್ನು ನೋಡಿರಿ: ಕಸೂತಿ, ಹೆಣಿಗೆ, ರಂಗವಲ್ಲಿ. ನನ್ನ ತಾಯಿ ಬಿಡುವಾದಾಗ ಕ್ರೋಷಾ ಕಡ್ಡಿ ಹಿಡಿದು ಬಾಗಿಲಿಗೆ ತೋರಣ, ಮೇಜಿಗೆ ಹಾಸು ಹೆಣೆಯುತ್ತಾರೆ. ಒಲೆಯ ಮೇಲೆ ಹಾಲುಕ್ಕಿದರೆ ಕಡ್ಡಿಯನ್ನು ಕುಣಿಕೆಯಲ್ಲೇ ಬಿಟ್ಟು ಏಳುತ್ತಾರೆ. ಯಾರಾದರೂ ಕರೆದರೆ ಏಳುತ್ತಾರೆ. ತಿರುಗಿ ಬಂದು ಬಿಟ್ಟಲ್ಲಿಂದ ಹಿಡಿಯುತ್ತಾರೆ. ಒಂದು ಹಾಸು ಮುಗಿಯುವಷ್ಟರಲ್ಲಿ ಎಷ್ಟು ಬಾರಿ ಎದ್ದಿರುತ್ತಾರೋ ಲೆಕ್ಕವಿಟ್ಟವರಿಲ್ಲ. ಕ್ರೋಷಾ ಕೀಳೆಂದು ನಾನು ಹೇಳುತ್ತಿಲ್ಲ. ಮೇಲೆ ಹೇಳಿದ ಐರ್ಲೆಂಡಿನ ಕ್ಷಾಮದಲ್ಲಿ ಎಷ್ಟೋ ಸಂಸಾರಗಳು ಕ್ರೋಷಾ ಲೇಸು ಹೆಣೆದೇ ಹೊಟ್ಟೆ ಹೊರೆದವು. ನಾನು ಹೇಳುವುದಿಷ್ಟೆ: ಯಾರು ಕರೆದರೂ ಅರ್ಧಕ್ಕೆ ಬಿಟ್ಟೇಳಬಹುದಾದ ಕಲೆಗಳೇ ಹೆಂಗಸಿನ ಪಾಲಿಗೆ ಉಳಿದಿವೆ. ಹಸಿ ಗಾಜಿನ ಛಾಯಾಗ್ರಹಣ ಹಾಗಲ್ಲ. ನಡುವೆ ಕೈ ಬಿಟ್ಟರೆ ಗಾಜು ಒಣಗಿ ಕೆಲಸ ಹಾಳು. ಆ ಹತ್ತು ನಿಮಿಷ ಮನೆಯೇ ಆಕೆಗಾಗಿ ಕಾಯಬೇಕು. ಜೂಲಿಯಾ ಮಾಡಿದ ನಿಜವಾದ ಸಾಹಸ ಇದು: ಮನೆಯನ್ನು ಬಿಟ್ಟು ಹೋಗಲಿಲ್ಲ, ಅದನ್ನು ಕಾಯುವಂತೆ ಮಾಡಿದಳು.

ಕಲ್ಲಿದ್ದಲು ತುಂಬುತ್ತಿದ್ದ ಕೋಣೆ ಕತ್ತಲೆ ಕೋಣೆಯಾಯಿತು. ಗಾಜು ಹಾಕಿದ ಕೋಳಿಮನೆ ಚಿತ್ರಶಾಲೆಯಾಯಿತು, ಕೋಳಿಗಳಿಗೆ ಬಿಡುಗಡೆಯಾಯಿತು. ಮೊದಲಿಗೆ ಒಬ್ಬ ರೈತನನ್ನು ಕೂಲಿ ಕೊಟ್ಟು ಕೂರಿಸಿ ತೆಗೆದ ಚಿತ್ರ ಆಕೆಯ ಕೈಯೇ ತಗುಲಿ ಅಳಿಸಿಹೋಯಿತು. ಗುರುವಿಲ್ಲದ ವಿದ್ಯೆ, ತಪ್ಪುತ್ತ ತಪ್ಪುತ್ತ ಕಲಿತಳು. 1864ರ ಜನವರಿ ಕೊನೆಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಚಿತ್ರ ಚೆನ್ನಾಗಿ ಮೂಡಿತು. ಅದನ್ನೇ ತನ್ನ ಮೊದಲ ಗೆಲುವೆಂದು ಆಕೆ ಕೊನೆಯವರೆಗೂ ಕೊಂಡಾಡಿದಳು. ಆ ವರ್ಷವೇ ಲಂಡನ್ನಿನ ಛಾಯಾಗ್ರಹಣ ಸಂಘದ ಸದಸ್ಯಳಾದಳು. 1865ರಲ್ಲಿ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಆಕೆಯ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. 1868ರಲ್ಲಿ ಚಿತ್ರ ತೆಗೆಯಲೆಂದು ತನ್ನ ಕಟ್ಟಡದಲ್ಲೇ ಆಕೆಗೆ ಎರಡು ಕೋಣೆಗಳನ್ನು ಬಿಟ್ಟುಕೊಟ್ಟಿತು. ಕಲಿಯಲು ತೊಡಗಿ ಐದು ವರ್ಷವೂ ತುಂಬಿರಲಿಲ್ಲ ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

ಮೆಚ್ಚಿದವರಿದ್ದಂತೆ ಹಳಿದವರೂ ಇದ್ದರು. ಛಾಯಾಗ್ರಹಣದ ಪತ್ರಿಕೆಗಳು ಆಕೆಯ ಚಿತ್ರಗಳು ಮಬ್ಬಾಗಿವೆ, ಗೆರೆ ಬಿದ್ದಿವೆ, ಬೆರಳಿನ ಗುರುತು ಉಳಿದಿವೆ ಎಂದು ಟೀಕಿಸಿದವು. ಕೂದಲೆಳೆಯೂ ಸ್ಪಷ್ಟವಾಗಿ ಕಾಣುವುದೇ ಒಳ್ಳೆಯ ಚಿತ್ರದ ಲಕ್ಷಣವೆಂದು ಅವರ ಮತ. ಜೂಲಿಯಾ ಅದಕ್ಕೆ ಮಣಿಯಲಿಲ್ಲ. ಮುಖವನ್ನು ಬಹು ಹತ್ತಿರದಿಂದ, ಹಿಂದೆ ಕಂಬ ಪರದೆಗಳ ಆಡಂಬರವಿಲ್ಲದೆ, ಒಂದು ಕಡೆಯ ಬೆಳಕಿನಲ್ಲಿ ತೆಗೆದಳು. ಅಂಚುಗಳು ಮೃದುವಾಗಿ ಕರಗುವಲ್ಲಿಗೆ ನಿಲ್ಲಿಸಿದಳು. ನಾನು ಆ ಚಿತ್ರಗಳ ಪ್ರತಿಗಳನ್ನು ನೋಡಿದ್ದೇನೆ. ಮೊದಲ ನೋಟಕ್ಕೆ ಮಬ್ಬು ನಿಜ. ಎರಡನೆಯ ನೋಟಕ್ಕೆ ಆ ಮಬ್ಬಿನೊಳಗಿಂದ ಒಬ್ಬ ಮನುಷ್ಯ ಉಸಿರಾಡುತ್ತಿರುವಂತೆ ಕಾಣುತ್ತದೆ. 1867ರಲ್ಲಿ ತೆಗೆದ ಹರ್ಷೆಲನ ಮುಖ, ಕೆದರಿದ ಬೆಳ್ಳಿಗೂದಲ ನಡುವೆ ಕತ್ತಲಿನಿಂದ ಮೂಡಿಬರುತ್ತದೆ. ಬಾಲ್ಯದಿಂದ ಆಕಾಶವನ್ನೇ ನೋಡಿದ ಕಣ್ಣುಗಳು ಅವು. ಟೆನಿಸನ್, ಕಾರ್ಲೈಲ್, ಡಾರ್ವಿನ್ ಮೊದಲಾದವರ ಮುಖಗಳು ಇಂದು ನಮಗೆ ಪರಿಚಿತವಾಗಿದ್ದರೆ ಅದರಲ್ಲಿ ಆಕೆಯ ಪಾಲು ದೊಡ್ಡದು. 1868ರ ಬೇಸಗೆಯಲ್ಲಿ ಫ್ರೆಷ್‌ವಾಟರಿಗೆ ಬಂದಿದ್ದ ಡಾರ್ವಿನ್, ತನ್ನ ಚಿತ್ರಗಳಲ್ಲೆಲ್ಲ ಆಕೆ ತೆಗೆದದ್ದೇ ತನಗೆ ಹೆಚ್ಚು ಮೆಚ್ಚುಗೆಯೆಂದು ತಿಳಿಸಿದನು.

ಆದರೆ ನನಗೆ ಹಿರಿಯರ ಚಿತ್ರಗಳಿಗಿಂತ ಮನೆಯವರ ಚಿತ್ರಗಳೇ ಹೆಚ್ಚು ಪ್ರಿಯ. ಸೋದರಿಯ ಮಗಳು ಜೂಲಿಯಾ ಜಾಕ್ಸನ್ನಳ ಮುಖವನ್ನು ಆಕೆ ಎಷ್ಟು ತೆಗೆದರೂ ತಣಿಯಲಿಲ್ಲ. ಈ ಹುಡುಗಿಯೇ ಮುಂದೆ ಲೇಖಕಿ ವರ್ಜೀನಿಯಾ ವುಲ್ಫಳ ತಾಯಿ. ಮನೆಗೆಲಸದ ಮೇರಿ ಹಿಲಿಯರ್ ಕ್ಯಾಮೆರಾದ ಮುಂದೆ ಏಸುವಿನ ತಾಯಿಯಾದಳು. ಮೇರಿ ರಯಾನಳ ಕಥೆಯಂತೂ ಕಾದಂಬರಿಯನ್ನು ಮೀರಿಸುತ್ತದೆ. ಪ್ರದರ್ಶನದಲ್ಲಿ ಆಕೆಯ ಚಿತ್ರ ಕಂಡು ಮೋಹಗೊಂಡ ತರುಣನೊಬ್ಬನು 1867ರಲ್ಲಿ ಆಕೆಯನ್ನು ಮದುವೆಯಾದನು. ಆತನೇ ಹೆನ್ರಿ ಕಾಟನ್. ಭಾರತದ ಸಿವಿಲ್ ಸರ್ವಿಸಿನಲ್ಲಿ ದುಡಿದು, ಅಸ್ಸಾಮಿನ ಚೀಫ್ ಕಮಿಷನರಾಗಿ, 1904ರಲ್ಲಿ ಮುಂಬಯಿಯಲ್ಲಿ ಸೇರಿದ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷನಾದವನು.

ಹೊಗಳಿಕೆಯೊಂದನ್ನೇ ಬರೆದರೆ ಜೀವನ ಚರಿತ್ರೆ ಅರೆಯಾಗುತ್ತದೆ. ಜೂಲಿಯಾ ಹಟಮಾರಿ. ದಾರಿಯಲ್ಲಿ ಹೋಗುವವರನ್ನೂ ಹಿಡಿದು ಕೂರಿಸುತ್ತಿದ್ದಳು. ಮಕ್ಕಳಿಗೆ ಹಂಸದ ರೆಕ್ಕೆ ಕಟ್ಟಿ ದೇವದೂತರನ್ನಾಗಿಸಿ ನಿಮಿಷಗಟ್ಟಲೆ ಅಲುಗದಂತೆ ನಿಲ್ಲಿಸುತ್ತಿದ್ದಳು. ಆಕೆಗೆ ದೊರೆತ ಆ ಹತ್ತು ನಿಮಿಷವೂ ಪುಕ್ಕಟೆಯದಲ್ಲ. ಮನೆಯಲ್ಲಿ ಆಳುಕಾಳುಗಳಿದ್ದುದರಿಂದ ಒಲೆ ಆರಲಿಲ್ಲ. ಚಿತ್ರದಲ್ಲಿ ದೇವಮಾತೆಯಾಗಿ ಕುಳಿತ ಮೇರಿ ಹಿಲಿಯರ್ ಎದ್ದ ಮೇಲೆ ಮತ್ತೆ ಮನೆಗೆಲಸಕ್ಕೇ ಹೋಗಬೇಕಾಗಿತ್ತು. ಒಬ್ಬಳ ಬಿಡುವು ಇನ್ನೊಬ್ಬಳ ದುಡಿಮೆಯ ಮೇಲೆ ನಿಂತಿತ್ತು. ಇದನ್ನು ಹೇಳುವುದರಿಂದ ಜೂಲಿಯಾಳ ಕಲೆ ಕುಂದುವುದಿಲ್ಲ. ಆದರೆ ಹೇಳದಿದ್ದರೆ ಮೇರಿಗೆ ಅನ್ಯಾಯವಾಗುತ್ತದೆ.

ಚಿತ್ರಗಳನ್ನು ಮಾರಿ ಸಂಸಾರಕ್ಕೆ ನೆರವಾಗಬೇಕೆಂದು ಆಕೆ ಆಸೆಪಟ್ಟಳು. ಖರ್ಚಿನ ಮುಂದೆ ಬರವು ನಿಲ್ಲಲಿಲ್ಲ. 1869ರಿಂದ ಸಿಂಹಳದ ಕಾಫಿ ತೋಟಗಳಿಗೆ ಎಲೆ ತುಕ್ಕು ರೋಗ ತಗುಲಿತು. ನಮ್ಮ ಕೊಡಗು ಚಿಕ್ಕಮಗಳೂರುಗಳ ಬೆಳೆಗಾರರು ಚೆನ್ನಾಗಿ ಬಲ್ಲ ರೋಗವೇ ಇದು. 1873ರಲ್ಲಿ, ಕ್ಯಾಮೆರಾ ತಂದುಕೊಟ್ಟ ಆ ಮಗಳೇ ಹೆರಿಗೆಯಲ್ಲಿ ತೀರಿಕೊಂಡಳು. ಆ ದುಃಖದ ನಡುವೆಯೂ ಟೆನಿಸನ್ನನ ಆರ್ಥರ್ ದೊರೆಯ ಕಾವ್ಯಕ್ಕೆ ಚಿತ್ರಗಳನ್ನು ತೆಗೆದಳು. 1874ರಲ್ಲಿ ತನ್ನ ಕಲಿಕೆಯ ಕಥೆಯನ್ನು ಬರೆಯತೊಡಗಿ ಅರ್ಧಕ್ಕೆ ಬಿಟ್ಟಳು. 1875ರಲ್ಲಿ ದಂಪತಿಗಳು ಸಿಂಹಳಕ್ಕೆ ಹೊರಟರು. ಹೋಗುವಾಗ ಎರಡು ಶವಪೆಟ್ಟಿಗೆಗಳನ್ನೂ ಜೊತೆಗೆ ಒಯ್ದರೆಂದು ಹೇಳುತ್ತಾರೆ. ಅಲ್ಲಿಯೂ ಆಕೆ ಕ್ಯಾಮೆರಾ ಕೆಳಗಿಡಲಿಲ್ಲ. ತೋಟದ ಆಳುಗಳನ್ನು, 1877ರಲ್ಲಿ ಅತಿಥಿಯಾಗಿ ಬಂದ ಚಿತ್ರಗಾರ್ತಿ ಮರಿಯಾನ್ ನಾರ್ತಳನ್ನು ತೆಗೆದಳು. 1879ರ ಜನವರಿ 26ರಂದು ಆಕೆಯ ಜೀವನ ಮುಗಿಯಿತು. ಬೋಗವಂತಲಾವ ಎಂಬಲ್ಲಿನ ಚರ್ಚಿನ ಅಂಗಳದಲ್ಲಿ ಆಕೆಯ ಸಮಾಧಿಯಿದೆ. ಮರುವರ್ಷ ಗಂಡನೂ ಹಿಂಬಾಲಿಸಿದನು.

ಕಲೆಗಾಗಿ ಆಕೆಗೆ ದೊರೆತದ್ದು ಹದಿನೈದು ವರ್ಷ. ಅದರಲ್ಲಿಯೂ ಹೆಚ್ಚಿನ ಕೆಲಸ ಮೊದಲ ಹನ್ನೆರಡು ವರ್ಷಗಳದು. ಉಳಿದಿರುವ ಚಿತ್ರಗಳು ಸಾವಿರಕ್ಕೂ ಮಿಕ್ಕಿವೆ. 1926ರಲ್ಲಿ ವರ್ಜೀನಿಯಾ ವುಲ್ಫ್ ಅವುಗಳಲ್ಲಿ ಕೆಲವನ್ನು ಆಯ್ದು, ಕಲಾವಿಮರ್ಶಕ ರೋಜರ್ ಫ್ರೈಯೊಡನೆ ಗ್ರಂಥವಾಗಿ ಹೊರತಂದಳು. ಡಿಂಬೋಲಾ ಮನೆ ಈಗ ಸಂಗ್ರಹಾಲಯ.

ನಮ್ಮಲ್ಲಿ ಎಲ್ಲರ ಮನೆಯಲ್ಲೂ ಜೂಲಿಯಾ ಹುಟ್ಟಲಾರಳು. ಆಳುಕಾಳುಗಳಿಲ್ಲ, ಬಿಡುವಿನ ಕೋಣೆಗಳಿಲ್ಲ, ಕಾಣಿಕೆ ತರುವ ಅಳಿಯಂದಿರೂ ಅಪರೂಪ. ಆದರೂ ಯಾರ ದುಡಿಮೆಯ ಮೇಲೂ ನಿಲ್ಲದ ಹತ್ತು ನಿಮಿಷವನ್ನು ಮನೆಮಂದಿ ಹಂಚಿಕೊಂಡು ಕೊಡಬಲ್ಲರು. ಹಾಲುಕ್ಕಿದರೆ ಒಲೆ ಆರಿಸಲು ಓದು ಬರಹ ಕಲಿತ ನಮ್ಮ ಕೈಗಳೂ ಸಾಕಾಗುತ್ತವೆ. ಮರ ಬಗ್ಗುವುದಿಲ್ಲವೆಂದು ಗಾದೆ ಹೇಳಿದರೆ ಹೇಳಲಿ. ಮರ ಬಗ್ಗಬೇಕಾದದ್ದೇನೂ ಇಲ್ಲ. ಅದಕ್ಕೆ ಹೂ ಬಿಡುವಷ್ಟು ಬಿಸಿಲು ಸಿಕ್ಕರೆ ಸಾಕು.